ಮಿಂಚುಳ್ಳಿಯನ್ನು ಹೊಸದು ಮಾಡಿದ ಬಗೆ

ಮಿಂಚುಳ್ಳಿ ಅಂದರೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಜಾತ್ರೆಗಳಲ್ಲಿ, ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗಳಲ್ಲಿ ದಾರಕ್ಕೆ ನೇತುಬಿದ್ದಿರುತ್ತಿದ್ದ ತೆಳ್ಳನೆಯ ಕಾಮಿಕ್ಸ್. 1983ರಲ್ಲಿ ನಮ್ಮ ಕಾಕಾ ಶುರು ಮಾಡಿದ್ದು. ಕಥೆ, ಚಿತ್ರ, ಬಲೂನಿನೊಳಗಿನ ಅಕ್ಷರ ಎಲ್ಲ ಅವರ ಕೈಯದೇ. ಅಚ್ಚು ಮಾತ್ರ ಗದಗಿನಲ್ಲಿ. ಮುದ್ರಣಕಾಶಿ ಪಕ್ಕದಲ್ಲೇ ಇರುವಾಗ ಬೆಂಗಳೂರಿಗೆ ಯಾಕೆ ಹೋಗಬೇಕು? ಕಥಾನಾಯಕ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಫಿಟರ್. ಉಗಿ ಎಂಜಿನ್ನಿನ ಬಾಯ್ಲರ್ ಸಿಡಿದರೂ ಸಾಯದೆ ಉಳಿದು, ಮೈಯಲ್ಲಿ ಉಗಿಯ ಬಲ ಹೊಕ್ಕು, ಉಣಕಲ್ ಕೆರೆಯ ಮಿಂಚುಳ್ಳಿಯ ಹಾಗೆ ಮೇಲಿನಿಂದ ಎರಗುವವನು.

ಕಾಕಾನ ಕೈ ನಡುಗಲು ಶುರುವಾದ ಮೇಲೆ ಪುಸ್ತಕ ನನ್ನ ಪಾಲಿಗೆ ಬಂತು. ಅಚ್ಚು ಹಾಕುವವರು ಮೊದಲ ದಿನವೇ ಹೇಳಿಬಿಟ್ಟರು: ‘ಹುಡುಗ್ರು ತಗೊಳ್ಳವಲ್ರು. ಹೊಸಾದು ಮಾಡ್ರಿ, ಇಲ್ಲಾ ನಿಂದ್ರಸ್ರಿ.’ ಅವತ್ತೇ ಒಂದು ಲೆಕ್ಕ ಹಾಕಿ ನೋಡಿದೆ. 1983ರಲ್ಲಿ ಇಪ್ಪತ್ತೈದರ ಫಿಟರ್ ಈಗ ರಿಟೈರ್ ಆಗಿ, ಪೆನ್ಷನ್ ತಗೊಂಡು, ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿರಬೇಕು. ಅವನು ರಿಪೇರಿ ಮಾಡುತ್ತಿದ್ದ ಮೀಟರ್‌ಗೇಜ್ ತೊಂಬತ್ತರ ದಶಕದಲ್ಲೇ ಈ ಕಡೆ ಬ್ರಾಡ್‌ಗೇಜ್ ಆಗಿಹೋಯಿತು. ಉಗಿ ಎಂಜಿನ್ ಅಂದರೆ ಇವತ್ತಿನ ಐದನೆತ್ತೆಯ ಹುಡುಗನಿಗೆ ಮೊಬೈಲಿನ ರೈಲಿನ ಚಿತ್ರ, ಅಷ್ಟೇ.

ಈ ತಾಪತ್ರಯ ನಮ್ಮೊಬ್ಬರದೇ ಅಲ್ಲ. ಸೂಪರ್‌ಮ್ಯಾನ್ 1938ರವನು, ಬ್ಯಾಟ್‌ಮ್ಯಾನ್ 1939ರವನು. ಇಬ್ಬರಿಗೂ ಇನ್ನೂ ಮೂವತ್ತರ ಆಸುಪಾಸೇ ನಡೆಯುತ್ತಿದೆ. ಅಮೆರಿಕದವರು ಇದನ್ನು ಹೇಗೆ ನಿಭಾಯಿಸಿದರು ಅಂತ ಕೂತು ಓದಿದೆ. ಸಿಕ್ಕ ಉಪಾಯಗಳಲ್ಲಿ ಕೆಲವನ್ನು ತಗೊಂಡೆ, ಕೆಲವನ್ನು ಕಂಡು ದೂರ ಸರಿದೆ.

ಎಲ್ಲಕ್ಕಿಂತ ಸರಳ ಉಪಾಯ 1956ರದು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಇಬ್ಬರನ್ನೂ ಹೊರತರುವ ಡಿಸಿ ಕಂಪನಿಯ ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ ಮೂಲೆ ಸೇರಿದ್ದ ಫ್ಲ್ಯಾಶ್ ಅನ್ನುವ ಓಟದ ನಾಯಕನ ಹೆಸರನ್ನೂ ಓಟವನ್ನೂ ಮಾತ್ರ ಇಟ್ಟುಕೊಂಡು, ವೇಷ, ಆಸಾಮಿ, ಹುಟ್ಟಿನ ಕಥೆ ಎಲ್ಲ ಬದಲಿಸಿಬಿಟ್ಟ. ಹಳೆಯ ಫ್ಲ್ಯಾಶ್ ಏನಾದ ಅಂತ ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಫಜೀತಿ ಶುರುವಾದದ್ದು 1961ರಲ್ಲಿ, ಇಬ್ಬರು ಫ್ಲ್ಯಾಶ್‌ಗಳನ್ನು ಒಂದೇ ಕಥೆಯಲ್ಲಿ ಭೇಟಿ ಮಾಡಿಸಿ, ಹಳಬ ಇನ್ನೊಂದು ಭೂಮಿಯವನು ಅಂದಾಗ. ಅಲ್ಲಿಂದ ಭೂಮಿಗಳ ಮೇಲೆ ಭೂಮಿಗಳು ಹುಟ್ಟಿಕೊಂಡವು. 1985ರಲ್ಲಿ ಮಾರ್ವ್ ವುಲ್ಫ್‌ಮನ್ ಕಥೆ, ಜಾರ್ಜ್ ಪೆರೆಜ್ ಚಿತ್ರದ ಹನ್ನೆರಡು ಸಂಚಿಕೆಗಳಲ್ಲಿ ಅವನ್ನೆಲ್ಲ ಒಡೆದು ಒಂದೇ ಭೂಮಿ ಮಾಡಬೇಕಾಯಿತು. ಆ ಗದ್ದಲದಲ್ಲಿ 1956ರ ಫ್ಲ್ಯಾಶ್ ಸತ್ತ, ಸೂಪರ್‌ಗರ್ಲ್ ಕೂಡ ಸತ್ತಳು. ಪೆರೆಜ್‌ನ ಪುಟಗಳು ಅದ್ಭುತ. ಒಂದು ಪ್ಯಾನೆಲ್ಲಿನಲ್ಲಿ ಅಷ್ಟು ಜನರನ್ನು ಹಿಡಿಸಿಯೂ ಯಾರು ಯಾರು ಅಂತ ಗುರುತು ಸಿಗುವ ಹಾಗೆ ಬರೆಯುವ ಕೈ ನನಗಂತೂ ಇಲ್ಲ.

ಆದರೆ ನನ್ನ ಕಣ್ಣು ಹೋದದ್ದು ಆಮೇಲಿನ ಕಥೆಯ ಮೇಲೆ. ಕೆಲವು ನಾಯಕರನ್ನು ಬುಡದಿಂದ ಹೊಸದಾಗಿ ಶುರು ಮಾಡಿದರು, ಕೆಲವರನ್ನು ಹಾಗೇ ಮುಂದುವರಿಸಿದರು. ರೆಕ್ಕೆ ಕಟ್ಟಿ ಹಾರುವ ಹಾಕ್‌ಮ್ಯಾನ್ ಪಾಡು ನೋಡಿ. ಮೊದಲು ಅವನು ಹಳೆಯವನಾಗೇ ತಿರುಗುತ್ತಿದ್ದ. ‘ಹಾಕ್‌ವರ್ಲ್ಡ್’ ಅನ್ನುವ ಅವನ ಹೊಸ ಪುಸ್ತಕ ಬಂದ ಮೇಲೆ, ಅಂದರೆ 1989ರಿಂದೀಚೆಗೆ, ಅವನು ಭೂಮಿಗೆ ಬಂದದ್ದೇ ಈಗ ಅಂತ ಆಯಿತು. ಹಾಗಾದರೆ ಇಷ್ಟು ದಿನ ಡಿಸಿ ನಾಯಕರ ತಂಡವಾದ ಜಸ್ಟಿಸ್ ಲೀಗಿನಲ್ಲಿ ಕೂತಿದ್ದ ರೆಕ್ಕೆಯವನು ಯಾರು? ಅದಕ್ಕೆ ತೇಪೆ, ಆ ತೇಪೆಗೆ ಮತ್ತೊಂದು ತೇಪೆ.

2011ರಲ್ಲಿ ಮತ್ತೆ ಅದೇ ಆಯಿತು. ಡಿಸಿ ಒಂದೇ ಸೆಪ್ಟೆಂಬರಿನಲ್ಲಿ 52 ಪುಸ್ತಕಗಳನ್ನು ಒಂದನೇ ನಂಬರಿನಿಂದ ಹೊರಡಿಸಿತು. ನಾಯಕರು ಜಗತ್ತಿಗೆ ಕಾಣಿಸಿಕೊಂಡು ಐದು ವರ್ಷ ಆಗಿದೆ ಅಷ್ಟೇ ಅಂತ ನಿಯಮ ಮಾಡಿತು. ಆದರೆ ಬ್ಯಾಟ್‌ಮ್ಯಾನ್ ಕಥೆಗಳು ಚೆನ್ನಾಗಿ ಓಡುತ್ತಿದ್ದವಲ್ಲ, ಅವನ್ನು ಬಹುಪಾಲು ಹಾಗೇ ಉಳಿಸಿಕೊಂಡಿತು. ಅಷ್ಟರೊಳಗೆ ಅವನಿಗೆ ಒಬ್ಬರಾದ ಮೇಲೊಬ್ಬರಂತೆ ರಾಬಿನ್ ಅನ್ನುವ ಹೆಸರಿನ ಜೊತೆಗಾರ ಹುಡುಗರು, ಮೇಲೆ ಹತ್ತು ವರ್ಷದ ಮಗ ಬೇರೆ! ಲೆಕ್ಕ ಯಾರಿಗೆ ಕೂಡುತ್ತದೆ? ಗೋಡೆ ಕೆಡವಿ ಹಳೆ ತೊಲೆ ಹಾಗೇ ಬಿಟ್ಟ ಮನೆಯಲ್ಲಿ ವಾಸ ಮಾಡಿದ ಹಾಗೆ. 2016ರ ಹೊತ್ತಿಗೆ ಕಳೆದದ್ದನ್ನೆಲ್ಲ ಹುಡುಕಿ ಹುಡುಕಿ ವಾಪಸ್ ತರುವ ಕೆಲಸಕ್ಕೆ ಕೂತರು.

ಡಿಸಿಯ ಎದುರಾಳಿ ಕಂಪನಿ ಮಾರ್ವೆಲ್‌ನವರು ಈ ವಿಷಯದಲ್ಲಿ ಜಾಣರು ಅನ್ನುವುದು ನನ್ನ ಅಭಿಪ್ರಾಯ. ಅವರು ಏನನ್ನೂ ಒಡೆಯುವುದಿಲ್ಲ, ಇಸವಿಯನ್ನು ಸುಮ್ಮನೆ ಮುಂದಕ್ಕೆ ಸರಿಸುತ್ತಾರೆ. 1963ರಲ್ಲಿ ಅವರ ಐರನ್‌ಮ್ಯಾನ್, ಅಂದರೆ ಟೋನಿ ಸ್ಟಾರ್ಕ್, ಗಾಯಗೊಂಡು ಸೆರೆ ಸಿಕ್ಕದ್ದು ವಿಯೆಟ್ನಾಮಿನಲ್ಲಿ. ಮುಂದೆ ಅದು ಅಫ್ಘಾನಿಸ್ತಾನ ಆಯಿತು. ಪ್ರತಿ ಸಲ ಯುದ್ಧ ಬದಲಿಸಿ ಸಾಕಾಗಿಯೋ ಏನೋ, 2019ರಲ್ಲಿ ಸಿಯಾನ್‌ಕಾಂಗ್ ಅನ್ನುವ ಕಲ್ಪಿತ ದೇಶದ ಯುದ್ಧವೊಂದನ್ನು ಎಲ್ಲರಿಗೂ ಸೇರಿಸಿ ಇಟ್ಟುಬಿಟ್ಟರು. ಸೆರೆ, ಗಾಯ, ಕಬ್ಬಿಣದ ಕವಚ ಇವು ಮಾತ್ರ ಅಲುಗಾಡಲಿಲ್ಲ.

ಕಾಕಾನಿಗೆ ಇದ್ಯಾವುದೂ ರುಚಿಸಲಿಲ್ಲ. ಅವರು ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರು, ಅವರ ದೇವರು ಫ್ಯಾಂಟಮ್. ‘ಅಂವಾ ಇಪ್ಪತ್ತೊಂದನೇದಾಂವ. ಅಪ್ಪ ಸತ್ತರ ಮಗ ಮುಖವಾಡ ಹಾಕ್ಕೋತಾನ. ನಮ್ಮಾಂವಗೂ ಒಬ್ಬ ಮಗನ್ನ ಹುಟ್ಟಸು, ಮುಗದ್ಹೋತು’ ಅಂದರು. ಫ್ಯಾಂಟಮ್‌ನನ್ನು ಹುಟ್ಟಿಸಿದ ಲೀ ಫಾಕ್ 1936ರಲ್ಲೇ ಕಂಡುಕೊಂಡ ಈ ದಾರಿ ನಿಜಕ್ಕೂ ಗಟ್ಟಿ, ಇಪ್ಪತ್ತೆರಡಕ್ಕೂ ಮೂವತ್ತಕ್ಕೂ ಸಾಗುತ್ತದೆ. ಆದರೆ ಫ್ಯಾಂಟಮ್‌ನಲ್ಲಿ ಅದು ಮೊದಲ ದಿನದಿಂದ ಇದ್ದ ನಿಯಮ. ಮಿಂಚುಳ್ಳಿಗೆ ಮಗ ಬೇಕಾದರೆ ಮೊದಲು ಮದುವೆ ಆಗಬೇಕು, ಆಮೇಲೆ ಅವನನ್ನು ಕೊಲ್ಲಬೇಕು. ಅವನು ಸತ್ತ ಸಂಚಿಕೆಯಿಂದ ಹೊಸ ಓದುಗನನ್ನು ಒಳಗೆ ಕರೆಯುವುದು ನನಗೆ ಒಗ್ಗಲಿಲ್ಲ. ‘ಕಾಕಾ, ಅವನ್ನ ಸಾಯ್ಸೋದು ಬ್ಯಾಡ್ರೀ’ ಅಂದೆ. ಎರಡು ದಿನ ಮಾತು ಬಿಟ್ಟರು, ಆಮೇಲೆ ಅವರೇ ಹಳೆಯ ಸಂಚಿಕೆಗಳ ಟ್ರಂಕು ತಂದು ಇಟ್ಟರು.

ಆ ಟ್ರಂಕಿನಿಂದಲೇ ಕೆಲಸ ಶುರು. ಸಂಚಿಕೆಗಳನ್ನೆಲ್ಲ ಪಡಸಾಲೆಯಲ್ಲಿ ಹರವಿ, ಪ್ರತಿ ಪುಸ್ತಕಕ್ಕೆ ಒಂದು ಚೀಟಿ ಬರೆದೆ: ಇದರಲ್ಲಿ ಏನು ತೆಗೆದರೂ ಮಿಂಚುಳ್ಳಿ ಮಿಂಚುಳ್ಳಿಯಾಗೇ ಇರುತ್ತಾನೆ? ಮೀಟರ್‌ಗೇಜ್ ಹೋಯಿತು. ಖಾಕಿ ಅಂಗಿ, ಟ್ರಂಕ್‌ಕಾಲ್, ವಾಚು ಕಳ್ಳಸಾಗಣೆಯ ಖಳನಾಯಕರು, ಎಲ್ಲ ಹೋದರು. ಎಷ್ಟು ಜರಡಿ ಹಿಡಿದರೂ ಉಳಿದದ್ದು ಎರಡೇ. ಒಂದು, ಎಲ್ಲಿ ಹೊಡೆದಾಡಿದರೂ ಶಿಫ್ಟಿನ ಸೈರನ್ ಆಗುವುದರೊಳಗೆ ಅವನು ಹಾಜರಿ ಹಾಕಲೇಬೇಕು. ಇನ್ನೊಂದು, ಹೊತ್ತಾದದ್ದಕ್ಕೆ ಅವ್ವನಿಗೆ ಒಂದು ಸುಳ್ಳು ಹೇಳಲೇಬೇಕು, ಅವ್ವ ಅದನ್ನು ನಂಬಿದ ಹಾಗೆ ನಟಿಸಬೇಕು. ಜನ ನನ್ನ ಮುಂದೆ ಮಿಂಚುಳ್ಳಿಯನ್ನು ನೆನೆಸಿದಾಗಲೆಲ್ಲ ಬರುವುದು ಈ ಎರಡೇ, ಬಾಯ್ಲರ್ ಅಲ್ಲ.

ತೊಂಬತ್ತರ ದಶಕದ ಒಂದು ಸಂಚಿಕೆಯಲ್ಲಿ ಕಾಕಾ ಅವ್ವನನ್ನು ಸಾಯಿಸಿದ್ದರು. ನಾನು ಬದುಕಿಸಿದೆ. ಧೈರ್ಯ ಕೊಟ್ಟದ್ದು ಕಥೆ, ಚಿತ್ರ ಎರಡೂ ಮಾಡುವ ಜಾನ್ ಬರ್ನ್ 1986ರಲ್ಲಿ ಸೂಪರ್‌ಮ್ಯಾನ್‌ಗೆ ಮಾಡಿದ ಕೆಲಸ. ಅಲ್ಲಿ ಅವನನ್ನು ಸಾಕಿದ ಕೆಂಟ್ ದಂಪತಿ ಮಗ ದೊಡ್ಡವನಾದ ಮೇಲೂ ಬದುಕಿರುತ್ತಾರೆ, ಅವನಿಗೆ ಊರಿಗೆ ಹೋಗಿ ಮಾತಾಡಲು ಒಂದು ಅಡುಗೆಮನೆ ಇರುತ್ತದೆ. ನಮ್ಮ ಅವ್ವ ಹೇಗೆ ಬದುಕಿದಳು ಅಂತ ನಾನು ಎಲ್ಲೂ ಬರೆಯಲಿಲ್ಲ. ಕಾಲ ತಿರುಗಿತು, ಭೂಮಿ ಒಡೆಯಿತು, ಯಾವುದೂ ಇಲ್ಲ. ಎರಡನೇ ಪುಟದಲ್ಲಿ ಕಟಕ ರೊಟ್ಟಿ ಮುರಿಯುತ್ತ ಕೂತಿರುತ್ತಾಳೆ, ಅಷ್ಟೇ. ಒಬ್ಬ ಓದುಗರೂ ಕೇಳಲಿಲ್ಲ.

ಬಹಳ ದಿನ ತಿಂದದ್ದು ಹುಟ್ಟಿನ ಪುಟ, ಅಂದರೆ ಫಿಟರ್‌ಗೆ ಬಲ ಬರುವ ಪುಟ. ಬಣ್ಣ ತುಂಬುವ ಹುಡುಗಿ ಸಲಹೆ ಕೊಟ್ಟಳು: ‘ಸರ್, ಈಗ ಲೈನೆಲ್ಲಾ ಕರೆಂಟ್ ಆಗೇತಲ್ರೀ, ಆ ವಾಯರ್ ಹೊಡದು ಶಕ್ತಿ ಬಂತು ಅನ್ರಿ.’ ಚಿತ್ರಕ್ಕೆ ಒಳ್ಳೆಯದೇ, ನೀಲಿ ಕಿಡಿ ಪುಟ ತುಂಬುತ್ತಿತ್ತು. ಆದರೆ ರೈಲಿನ ಮೇಲಿನ ಆ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಮುಟ್ಟುವುದೇ ಬೇಡ, ಹತ್ತಿರ ಹೋದರೆ ಸಾಕು. ಸೆಲ್ಫಿಗೆಂದು ಬೋಗಿ ಹತ್ತಿ ಹುಡುಗರು ಸತ್ತ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಅದೇ ತಂತಿಯಿಂದ ನಮ್ಮ ನಾಯಕನಿಗೆ ಬಲ ಬಂತು ಅಂತ ಹತ್ತು ವರ್ಷದವರಿಗೆ ಮಾರುವ ಪುಸ್ತಕದಲ್ಲಿ ಬರೆಯುವುದು ಸಾಧ್ಯವೇ ಇಲ್ಲ ಅಂದೆ.

ದಾರಿ ಸಿಕ್ಕದ್ದು ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ. 2020ರಲ್ಲಿ ಅಲ್ಲಿ ರೈಲ್ವೆ ಮ್ಯೂಸಿಯಂ ತೆರೆದಿದ್ದರು. ಹಳೆಯ ಎಂಜಿನ್‌ಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದ ಮಕ್ಕಳನ್ನು ನೋಡಿದಾಗ ಹೊಳೆಯಿತು: ಉಗಿ ಎಂಜಿನ್ ಅವನ ಕೆಲಸದ ಯಂತ್ರ ಆಗಿರಬೇಕಿಲ್ಲ, ಪ್ರದರ್ಶನಕ್ಕೆ ತಯಾರಿ ಮಾಡುತ್ತಿರುವ ವಸ್ತು ಆದರೆ ಸಾಕು. ಈಗಿನ ಮಿಂಚುಳ್ಳಿ ಬೋಗಿ ರಿಪೇರಿಯ ಫಿಟರ್. ಮ್ಯೂಸಿಯಂಗೆ ಕಳಿಸಬೇಕಾದ ಎಂಜಿನ್ನಿನ ತುಕ್ಕು ತೆಗೆಯಲು ಒಬ್ಬನೇ ರಾತ್ರಿ ಬಾಯ್ಲರಿನ ಒಳಗೆ ಇಳಿದಿದ್ದಾನೆ. ನೀರಿಲ್ಲ, ಕಲ್ಲಿದ್ದಲಿಲ್ಲ. ಆದರೂ ಪ್ರೆಶರ್ ಗೇಜಿನ ಮುಳ್ಳು ಏರುತ್ತಿದೆ.

ಕಾಕಾನ ಮೂಲ ಪುಟದಲ್ಲಿ ಒಂಬತ್ತು ಪ್ಯಾನೆಲ್‌ಗಳಿದ್ದವು. ನಾನು ಐದು ಮಾಡಿದೆ. ಮೊದಲ ನಾಲ್ಕು ಅಡ್ಡಪಟ್ಟಿ, ನಾಲ್ಕರಲ್ಲೂ ಅದೇ ಗೇಜು, ಮುಳ್ಳಿನ ಜಾಗ ಮಾತ್ರ ಬೇರೆ. ಗಾಜಿನಲ್ಲಿ ಅವನ ಮುಖದ ನೆರಳು ಪ್ರತಿ ಸಲ ಒಂದಿಷ್ಟು ದೊಡ್ಡದು. ಐದನೆಯದು ಬಿಳಿ. ‘ಢಮಾರ್’ ಅಂತ ಕಾಕಾ ಬರೆದಿದ್ದ ಅಕ್ಷರವನ್ನು ಸ್ಕ್ಯಾನ್ ಮಾಡಿ ಅಲ್ಲೇ ಕೂರಿಸಿದೆ. ಕಂಪ್ಯೂಟರಿನ ಯಾವ ಫಾಂಟಿನಲ್ಲೂ ಆ ‘ಢ’ದ ಹೊಟ್ಟೆ ಬರುವುದಿಲ್ಲ.

ಮಾತು ಬದಲಿಸುವುದು ಸುಲಭವಾಯಿತು. ‘ನಿಲ್ಲು ದುರುಳ, ನಿನ್ನ ಅಂತ್ಯ ಸಮೀಪಿಸಿದೆ’ ಅನ್ನುತ್ತಿದ್ದವನು ಈಗ ‘ಏ ನಿಂದ್ರಲೇ, ಎಲ್ಲಿಗ್ ಹೊಂಟಿ?’ ಅನ್ನುತ್ತಾನೆ. ಧಾರವಾಡದ ಒಬ್ಬ ನಿವೃತ್ತ ಮಾಸ್ತರರು ಇದು ಭಾಷೆಯ ಕೊಲೆ ಅಂತ ಎರಡು ಪುಟ ಪತ್ರ ಬರೆದರು. ಹುಡುಗರು ಜೋರಾಗಿ ಓದಿ ನಗುತ್ತಾರೆ. ನನಗೆ ಅಷ್ಟು ಸಾಕು.

ಖಳನಾಯಕನ ಪಾಠವೂ ಬರ್ನ್‌ನದೇ. ಹುಚ್ಚು ವಿಜ್ಞಾನಿಯಾಗಿದ್ದ ಸೂಪರ್‌ಮ್ಯಾನ್‌ನ ವೈರಿ ಲೆಕ್ಸ್ ಲೂಥರ್ 1986ರಲ್ಲಿ ಊರೆಲ್ಲ ಗೌರವಿಸುವ ಶ್ರೀಮಂತ ವ್ಯಾಪಾರಿ ಆದ. ಆ ಕಾಲದ ಜನ ಹೆದರುತ್ತಿದ್ದದ್ದು ಅಂಥವರಿಗೆ. ನಮ್ಮ ವಾಚು ಕಳ್ಳಸಾಗಣೆದಾರನ ಕಪ್ಪು ಕನ್ನಡಕ ತೆಗೆಸಿ, ಕೈಮುಗಿದು ನಿಂತ ಫ್ಲೆಕ್ಸ್ ಹಾಕಿಸಿ, ಕೆರೆಯಂಚಿನಲ್ಲಿ ಸೈಟು ಮಾರುವವನನ್ನಾಗಿ ಮಾಡಿದೆ. ಕೆರೆ ಮುಚ್ಚಿದರೆ ಮಿಂಚುಳ್ಳಿ ಎರಗುವುದಾದರೂ ಎಲ್ಲಿಗೆ?

ಹಳೆಯ ಸಂಚಿಕೆಗಳ ಮರುಮುದ್ರಣ ನಿಲ್ಲಿಸೋಣ, ಓದುಗರು ಗೊಂದಲಕ್ಕೆ ಬೀಳುತ್ತಾರೆ ಅಂದರು ಅಚ್ಚಿನವರು. ಇದಕ್ಕೆ ಮಾತ್ರ ನಾನು ಒಪ್ಪಲಿಲ್ಲ. 2000ದಲ್ಲಿ ಮಾರ್ವೆಲ್ ಕಥೆಯನ್ನು ಮೊದಲಿನಿಂದ ಹೊಸದಾಗಿ ಹೇಳುವ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ತಂದಾಗ ಹಳೆಯ ಸ್ಪೈಡರ್‌ಮ್ಯಾನ್ ಪಕ್ಕದಲ್ಲೇ ನಡೆಯುತ್ತಿತ್ತು. ಯಾರಿಗೂ ಏನೂ ಕಳೆದುಹೋದಂತೆ ಅನ್ನಿಸಲಿಲ್ಲ, ಹೊಸಬರಿಗೆ ಬಾಗಿಲು ತೆರೆಯಿತು. ಅದರ ಎದುರು 2007ರಲ್ಲಿ ಹಳೆಯ ಸ್ಪೈಡರ್‌ಮ್ಯಾನ್ ಪೀಟರ್ ಪಾರ್ಕರ್‌ನ ಮದುವೆಯನ್ನೇ ಕಥೆಯಿಂದ ಅಳಿಸಿದ್ದನ್ನು ಇಡಿ. ಆ ಸಿಟ್ಟು ಇನ್ನೂ ಇಳಿದಿಲ್ಲ. 2024ರಲ್ಲಿ ಹೊಸ ಅಲ್ಟಿಮೇಟ್ ಬಂದಾಗ ಅದರ ಪೀಟರ್ ಮದುವೆಯಾದ, ಇಬ್ಬರು ಮಕ್ಕಳ ತಂದೆ! ಹಾಗಾಗಿ ಕಾಕಾನ ಪುಸ್ತಕಗಳು ಹಳದಿ ಪಟ್ಟಿಯ ಮುಖಪುಟದಲ್ಲಿ, ಹೊಸವು ನೀಲಿ ಪಟ್ಟಿಯಲ್ಲಿ ಬರುತ್ತಿವೆ. ಜಾತ್ರೆಯಲ್ಲಿ ಅಪ್ಪ ಹಳದಿ ಎತ್ತಿಕೊಳ್ಳುತ್ತಾನೆ, ಮಗ ನೀಲಿ.

ಈಗಿನ ಜಗಳ ಚಿಗರಿಯದು. ಹುಬ್ಬಳ್ಳಿ–ಧಾರವಾಡದ ನಡುವೆ ತನ್ನದೇ ದಾರಿಯಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸಿನ ಹೆಸರನ್ನೇ ಹಿಡಿದು, ಮೂರನೇ ಸಂಚಿಕೆಯಲ್ಲಿ ಓಟದ ಹುಡುಗಿಯೊಬ್ಬಳನ್ನು ತಂದಿದ್ದೆ. ಅವಳಿಗೆ ಬೇರೆ ಪುಸ್ತಕ ಮಾಡೋಣ, ಅವ್ವನ ಬಾಲ್ಯದ ಕಥೆ ಅಂತ ಇನ್ನೊಂದು ಮಾಡೋಣ ಅನ್ನುತ್ತಾರೆ ಅಚ್ಚಿನವರು. ಮಾಡಬಹುದು. ಆದರೆ ಮೂರು ಪುಸ್ತಕ ಆದ ದಿನವೇ ಯಾರು ಯಾವಾಗ ಎಲ್ಲಿದ್ದರು ಅಂತ ತಾಳೆ ನೋಡುವ ಕೆಲಸ ನನ್ನ ತಲೆಗೆ ಬರುತ್ತದೆ. ಸದ್ಯಕ್ಕೆ ಎರಡು ತಿಂಗಳಿಗೊಂದು ನೀಲಿ ಪುಸ್ತಕ, 32 ಪುಟ, ಅದರಲ್ಲಿ ಚಿಗರಿಗೆ ಎಂಟು ಅಂತ ಹೇಳಿ ಕಳಿಸಿದ್ದೇನೆ. ಅವರು ಹನ್ನೆರಡು ಕೇಳುತ್ತಿದ್ದಾರೆ.