ಇಬ್ಬರಿಗೂ ಡ್ಯೂಟಿ ಸಿಗುವ ಊರು: ನಾವು ಆರಿಸಿದ್ದು ಹೀಗೆ

ನಾನು ಐಸಿಯು ನರ್ಸ್. ನನ್ನ ಗಂಡ ಮೆಡಿಸಿನ್ ವಿಭಾಗದ ಡಾಕ್ಟರ್. ಬೇರೆ ದೇಶಕ್ಕೆ ಹೋಗೋಣ ಅಂತ ಮಾತು ಶುರುವಾದಾಗ ಗೊತ್ತಿದ್ದವರೆಲ್ಲ ಕೇಳಿದ್ದು ಒಂದೇ: ಎಲ್ಲಿ ಸಂಬಳ ಜಾಸ್ತಿ? ನಾವು ಬೇರೆ ಪ್ರಶ್ನೆ ಹಿಡಿದುಕೊಂಡೆವು. ಇಬ್ಬರೂ ತಂತಮ್ಮ ಕೆಲಸಕ್ಕೇ, ತಂತಮ್ಮ ಲೈಸೆನ್ಸ್ ಮೇಲೆ, ಒಂದೇ ಮನೆಯಿಂದ ಹೊರಡುವ ದಿನ ಯಾವ ದೇಶದಲ್ಲಿ ಬೇಗ ಬರುತ್ತದೆ?

ಈ ಪ್ರಶ್ನೆಗೆ ಕಾರಣ ಇದೆ. ಒಬ್ಬರಿಗೆ ಬೇಗ ಕೆಲಸ ಸಿಕ್ಕಿ ಇನ್ನೊಬ್ಬರು ಪರೀಕ್ಷೆ ಬರೆಯುತ್ತಾ ಮನೆಯಲ್ಲಿ ಕೂರುವುದನ್ನು ನಾವು ಬಹಳ ಜನರಲ್ಲಿ ನೋಡಿದ್ದೆವು. ಆ ಕಾಯುವಿಕೆ ಬರೀ ದುಡ್ಡಿನ ನಷ್ಟ ಅಲ್ಲ. ನಮ್ಮ ಕೆಲಸದಲ್ಲಿ ಕೈ ಬಿಟ್ಟರೆ ಕೈ ಮರೆಯುತ್ತದೆ. ನೋಂದಣಿ ಸಂಸ್ಥೆಗಳೂ ಅದನ್ನು ಲೆಕ್ಕ ಇಡುತ್ತವೆ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿ ನರ್ಸ್‌ಗಳಿಂದ 3 ವರ್ಷದಲ್ಲಿ 450 ಗಂಟೆ ಕೆಲಸ ಕೇಳುತ್ತದೆ. ಆಸ್ಟ್ರೇಲಿಯಾದಲ್ಲಿ 5 ವರ್ಷದಲ್ಲಿ 450 ಗಂಟೆ. ಗ್ಯಾಪ್ ಉದ್ದವಾದಷ್ಟೂ ವಾಪಸ್ ವಾರ್ಡಿಗೆ ಹೋಗುವುದು ಕಷ್ಟ. ಹೀಗೆ ಮನೆಯಲ್ಲಿ ಉಳಿದವರು ನಾನು ಕಂಡ ಮಟ್ಟಿಗೆ ಹೆಚ್ಚಾಗಿ ಹೆಂಗಸರೇ. ನಮ್ಮ ಮನೆಯಲ್ಲಿ ಅದು ಆಗಬಾರದು ಅಂತ ನನಗೆ ಹಟ ಇತ್ತು. ಇವರಿಗೂ ಇತ್ತು.

ಹಾಗಾಗಿ ಪ್ರತಿ ದೇಶಕ್ಕೂ ಎರಡು ಸಾಲು ಬರೆದೆವು. ಒಂದು ನನ್ನ ದಾರಿ, ಒಂದು ಇವರ ದಾರಿ. ಎರಡೂ ಸಾಲು ಎಲ್ಲಿ ಮುಗಿಯುತ್ತವೆ ಅಂತ ನೋಡಿದೆವು. ಉದ್ದದ ಸಾಲು ಯಾರದ್ದೋ ಅದೇ ನಮ್ಮ ನಿಜವಾದ ಕಾಯುವ ಸಮಯ. ನರ್ಸ್ ಮತ್ತು ಡಾಕ್ಟರ್ ಜೋಡಿಯಲ್ಲಿ ಸಾಮಾನ್ಯವಾಗಿ ಡಾಕ್ಟರ ದಾರಿಯೇ ಉದ್ದ ಇರುತ್ತದೆ.

ಅಮೆರಿಕದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ನನಗೆ ಎನ್‌ಕ್ಲೆಕ್ಸ್ ಪರೀಕ್ಷೆ, ಒಂದು ರಾಜ್ಯದ ಲೈಸೆನ್ಸ್, ಆಮೇಲೆ ವೀಸಾ. ಇವರಿಗೆ ಯುಎಸ್‌ಎಂಎಲ್‌ಇ ಪರೀಕ್ಷೆಗಳು, ಆಮೇಲೆ ಮ್ಯಾಚ್, ಆಮೇಲೆ ಮತ್ತೆ 3 ವರ್ಷದ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯ ತರಬೇತಿ. ಮ್ಯಾಚ್ ಅಂದರೆ ಡಾಕ್ಟರನ್ನೂ ಆಸ್ಪತ್ರೆಯನ್ನೂ ಕಂಪ್ಯೂಟರ್ ಜೋಡಿಸುವ ಪದ್ಧತಿ. ಮಾರ್ಚ್ ತಿಂಗಳಲ್ಲಿ ಅದು ಯಾವ ಊರು ಹೇಳುತ್ತದೋ ಅಲ್ಲಿಗೆ ಹೋಗಬೇಕು. ಇಬ್ಬರೂ ಡಾಕ್ಟರಾಗಿದ್ದು ಒಂದೇ ವರ್ಷ ರೆಸಿಡೆನ್ಸಿಗೆ ಹಾಕುತ್ತಿದ್ದರೆ ಕಪಲ್ಸ್ ಮ್ಯಾಚ್ ಇದೆ, ಜೋಡಿಯಾಗಿ ಊರುಗಳ ಪಟ್ಟಿ ಕೊಡಬಹುದು. ನಮ್ಮಂಥ ಜೋಡಿಗೆ ಅದು ಅನ್ವಯಿಸುವುದಿಲ್ಲ. ಜೆ-1 ವೀಸಾದಲ್ಲಿ ಟ್ರೈನಿಂಗ್ ಮುಗಿಸಿದರೆ 2 ವರ್ಷ ತಾಯ್ನಾಡಿಗೆ ಮರಳಬೇಕು. ಇಲ್ಲವೇ ಡಾಕ್ಟರ ಕೊರತೆ ಇರುವ ಕಡೆ 3 ವರ್ಷ ಕೆಲಸ ಮಾಡಿ ವಿನಾಯಿತಿ ಪಡೆಯಬೇಕು. ಆ ವಿನಾಯಿತಿಯ ಕಾನ್ರಾಡ್ 30 ಯೋಜನೆಯಲ್ಲಿ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಜಾಗ. ಅಂದರೆ ಊರನ್ನು ಆರಿಸುವುದು ಮೊದಲು ಕಂಪ್ಯೂಟರ್, ಆಮೇಲೆ ವೀಸಾ. ನಾವು ಕೊನೆಯಲ್ಲಿ ಬರುತ್ತೇವೆ. ಅಮೆರಿಕವನ್ನು ಅಲ್ಲೇ ಬಿಟ್ಟೆವು.

ಆಸ್ಟ್ರೇಲಿಯಾದ ಬಗ್ಗೆ ಬಹಳ ದಿನ ಯೋಚಿಸಿದೆವು. ಯಾಕಂದರೆ ಅಲ್ಲಿ ನಮಗೆ ಒಂದು ದೊಡ್ಡ ವಿಷಯ ಅರ್ಥವಾಯಿತು. ಹೊರದೇಶದಲ್ಲಿ ಓದಿದ ಡಾಕ್ಟರಿಗೆ ಅಲ್ಲಿ ಹತ್ತು ವರ್ಷದ ಒಂದು ನಿರ್ಬಂಧ ಇದೆ. 1973ರ ಹೆಲ್ತ್ ಇನ್ಶೂರೆನ್ಸ್ ಆ್ಯಕ್ಟ್‌ನ 19ಎಬಿ ಸೆಕ್ಷನ್ ಅದು. ಮೆಡಿಕೇರ್‌ಗೆ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಗೆ, ಬಿಲ್ ಮಾಡಬೇಕಾದರೆ ಡಾಕ್ಟರ ಕೊರತೆ ಇರುವ ಪ್ರದೇಶದಲ್ಲೇ ಕೆಲಸ ಮಾಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಬರೀ ಸಂಬಳಕ್ಕೆ ಇರುವವರಿಗೆ ಇದು ತಟ್ಟುವುದಿಲ್ಲ. ಆದರೆ ಇವರಿಗೆ ಮುಂದೆ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್, ಆಗುವ ಆಸೆ ಇತ್ತು. ಅಲ್ಲಿ ಊರುಗಳನ್ನು ಎಂಎಂ 1ರಿಂದ ಎಂಎಂ 7ರವರೆಗೆ ವಿಂಗಡಿಸಿದ್ದಾರೆ. 1 ಅಂದರೆ ಮಹಾನಗರ, 7 ಅಂದರೆ ತೀರಾ ದೂರದ ಜಾಗ. ಈ ಅಂಕಿ ದೊಡ್ಡದಾದಷ್ಟೂ ಇವರಿಗೆ ಅವಕಾಶ ಜಾಸ್ತಿ. ನನಗೆ ಅದೇ ಅಂಕಿ ದೊಡ್ಡದಾದಷ್ಟೂ ಕೆಲಸ ಕಡಿಮೆ. ಯಾಕಂದರೆ ಚಿಕ್ಕ ಊರಿನ ಆಸ್ಪತ್ರೆಗಳಲ್ಲಿ ಐಸಿಯು ಇರುವುದಿಲ್ಲ. ವೆಂಟಿಲೇಟರ್ ಬೇಕಾದ ರೋಗಿಯನ್ನು ಸ್ಥಿರ ಮಾಡಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ನರ್ಸ್ ಕೆಲಸವಂತೂ ಸಿಗುತ್ತದೆ. ನಾನು ವರ್ಷಗಟ್ಟಲೆ ಕಲಿತ ಕೆಲಸ ಸಿಗುವುದಿಲ್ಲ.

‘ಇಬ್ಬರಿಗೂ ಅಲ್ಲಿ ಡಿಮ್ಯಾಂಡ್ ಇದೆ’ ಅಂತ ಜನ ಹೇಳುವ ಮಾತನ್ನು ಇಲ್ಲಿ ಬಿಡಿಸಿ ನೋಡಬೇಕು. ಡಿಮ್ಯಾಂಡ್ ದೇಶಕ್ಕೆ ಇರಬಹುದು, ಒಂದೇ ಊರಿನಲ್ಲಿ ಇಬ್ಬರಿಗೂ ಇರಬೇಕಲ್ವಾ? ನನ್ನ ಹಾಗೆ ಐಸಿಯು, ಡಯಾಲಿಸಿಸ್, ಕ್ಯಾಥ್ ಲ್ಯಾಬ್ (ಹೃದಯದ ಆಂಜಿಯೋಗ್ರಾಮ್ ಮಾಡುವ ವಿಭಾಗ), ಎನ್‌ಐಸಿಯು (ನವಜಾತ ಶಿಶುಗಳ ಐಸಿಯು) ನರ್ಸ್‌ಗಳಾಗಿದ್ದರೆ ಊರಿನ ಆಸ್ಪತ್ರೆಯಲ್ಲಿ ಆ ವಿಭಾಗ ಇದೆಯಾ ಎಂದು ಮೊದಲು ನೋಡಿ. ಮಕ್ಕಳ ಸರ್ಜನ್, ರೇಡಿಯೋಥೆರಪಿ ಟೆಕ್ನಾಲಜಿಸ್ಟ್ ಇವರಿಗೂ ಇದೇ ಮಾತು. ಫಿಸಿಯೋಥೆರಪಿಸ್ಟ್, ಫಾರ್ಮಸಿಸ್ಟ್, ಜನರಲ್ ವಾರ್ಡ್ ನರ್ಸ್ ಆದರೆ ಊರಿನ ಆಯ್ಕೆ ವಿಸ್ತಾರವಾಗುತ್ತದೆ. ಜೋಡಿಯಲ್ಲಿ ಯಾರ ಕೆಲಸಕ್ಕೆ ಕೆಲವೇ ಆಸ್ಪತ್ರೆಗಳು ಸಾಧ್ಯವೋ ಅವರ ಪಟ್ಟಿಯಿಂದ ಊರು ಹುಡುಕಬೇಕು. ಯಾರ ಪರೀಕ್ಷೆ ಉದ್ದವೋ ಅವರ ಪಟ್ಟಿಯಿಂದ ದೇಶ ಹುಡುಕಬೇಕು. ನಮ್ಮಲ್ಲಿ ದೇಶಕ್ಕೆ ಇವರ ಪಟ್ಟಿ, ಊರಿಗೆ ನನ್ನ ಪಟ್ಟಿ ಆಯಿತು.

ಜರ್ಮನಿಯನ್ನು ಭಾಷೆಯ ಕಾರಣಕ್ಕೆ ಕೈಬಿಟ್ಟೆವು. ನರ್ಸ್‌ಗೆ ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿ ಬಿ2, ಅಂದರೆ ಮಧ್ಯಮಕ್ಕಿಂತ ಮೇಲಿನ ಮಟ್ಟ ಬೇಕು. ಡಾಕ್ಟರಿಗೆ ಅದರ ಮೇಲೆ ಇನ್ನೂ ಎತ್ತರದ ಸಿ1 ಮಟ್ಟದ ವೈದ್ಯಕೀಯ ಭಾಷೆಯ ಪರೀಕ್ಷೆ. ಡ್ಯೂಟಿ ಮಾಡಿಕೊಂಡು ಇಬ್ಬರೂ ಒಟ್ಟಿಗೆ ಕಲಿಯುವುದು ನಮ್ಮ ಕೈಲಾಗದು ಅನಿಸಿತು. ವಯಸ್ಸು ಚಿಕ್ಕದಿದ್ದು ಸಮಯ ಇರುವವರಿಗೆ ಅದು ಒಳ್ಳೆಯ ದಾರಿ. ಗಲ್ಫ್ ದೇಶಗಳಲ್ಲಿ ಇಬ್ಬರಿಗೂ ಕೆಲಸ ಬೇಗ ಸಿಗುತ್ತದೆ. ದಾಖಲೆಗಳ ಡೇಟಾಫ್ಲೋ ಪರಿಶೀಲನೆ, ಒಂದು ಕಂಪ್ಯೂಟರ್ ಪರೀಕ್ಷೆ, ಮುಗೀತು. ಕೆಲವು ವರ್ಷ ದುಡಿದು ವಾಪಸ್ ಬರುವ ಯೋಚನೆ ಇದ್ದರೆ ನಾನು ಅದನ್ನೇ ಹೇಳುತ್ತೇನೆ. ನಮಗೆ ನೆಲೆ ನಿಲ್ಲುವ ಯೋಚನೆ ಇತ್ತು.

ಕೊನೆಗೆ ಉಳಿದಿದ್ದು ಬ್ರಿಟನ್ ಮತ್ತು ಐರ್ಲೆಂಡ್. ಬ್ರಿಟನ್ನಿನಲ್ಲಿ ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಬಂದ ನರ್ಸ್ ಅಥವಾ ಡಾಕ್ಟರ ಸಂಗಾತಿ ಕೆಲಸ ಮಾಡಬಹುದು. ಒಂದು ವಿಷಯ ಗಮನಿಸಿ: 2024ರ ಮಾರ್ಚ್‌ನಿಂದ ಕೇರ್ ವರ್ಕರ್ (ವೃದ್ಧರು, ರೋಗಿಗಳ ಆರೈಕೆ ಮಾಡುವವರು) ಆಗಿ ಹೊಸದಾಗಿ ಹೋಗುವವರು ಕುಟುಂಬ ಕರೆದುಕೊಂಡು ಹೋಗುವಂತಿರಲಿಲ್ಲ. 2025ರ ಜುಲೈನಿಂದ ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್ ಆಗಿ ಹೋಗುವ ದಾರಿಯೇ ಮುಚ್ಚಿದೆ. ‘ಮೊದಲು ಕೇರ್ ವರ್ಕರ್ ಆಗಿ ಹೋಗಿ, ಆಮೇಲೆ ನರ್ಸ್ ಆಗಿ’ ಅಂತ ಏಜೆಂಟ್ ಹೇಳಿದರೆ ನಂಬಬೇಡಿ. ನಮ್ಮನ್ನು ತಡೆದಿದ್ದು ಬೇರೆ. ಡಾಕ್ಟರ್‌ಗಳಿಗೆ ಪ್ಲ್ಯಾಬ್ ಪರೀಕ್ಷೆ ಪಾಸಾಗಿ ಅಲ್ಲಿನ ಮೆಡಿಕಲ್ ಕೌನ್ಸಿಲ್ ಆದ ಜಿಎಂಸಿಯ ನೋಂದಣಿ ಸಿಕ್ಕಿದ ಮೇಲೂ ಮೊದಲ ಕೆಲಸಕ್ಕೆ ಪೈಪೋಟಿ ವಿಪರೀತ ಆಗಿತ್ತು. ನಮಗೆ ಗೊತ್ತಿದ್ದವರು ತಿಂಗಳುಗಟ್ಟಲೆ ಅರ್ಜಿ ಹಾಕುತ್ತಾ ಕೂತಿದ್ದರು. ನೋಂದಣಿ ಸಿಗುವ ದಿನ ಬೇರೆ, ಡ್ಯೂಟಿ ಶುರುವಾಗುವ ದಿನ ಬೇರೆ. ಸಾಲಿನ ಕೊನೆಗೆ ಡ್ಯೂಟಿಯ ದಿನ ಬರೆಯಿರಿ.

ಐರ್ಲೆಂಡ್‌ನಲ್ಲಿ ನಮ್ಮ ಎರಡು ಸಾಲು ಹತ್ತಿರ ಬಂದವು. ನನಗೆ ಅಲ್ಲಿನ ನರ್ಸಿಂಗ್ ಮಂಡಳಿ ಎನ್‌ಎಂಬಿಐ ನೋಂದಣಿ. ದಾಖಲೆ ನೋಡಿ ಅವರು ಒಂದು ನಿರ್ಧಾರದ ಪತ್ರ ಕೊಡುತ್ತಾರೆ. ಅದರಲ್ಲಿ ಕೇಳಿದ್ದರೆ ಆಸ್ಪತ್ರೆಯಲ್ಲಿ ಕೆಲವು ವಾರ ಅಡಾಪ್ಟೇಶನ್, ಅಂದರೆ ಮೇಲ್ವಿಚಾರಣೆಯಲ್ಲಿ ಕೆಲಸ, ಮಾಡಬೇಕು, ಇಲ್ಲವೇ ಆಪ್ಟಿಟ್ಯೂಡ್ ಟೆಸ್ಟ್ ಬರೆಯಬೇಕು. ಇವರಿಗೆ ಮೆಡಿಕಲ್ ಕೌನ್ಸಿಲ್‌ನ ಪ್ರೆಸ್ ಪರೀಕ್ಷೆ. ಅದರ ಕಂಪ್ಯೂಟರ್ ಭಾಗ ಹೊರಗಿನಿಂದಲೇ ಬರೆಯಬಹುದು. ಕ್ಲಿನಿಕಲ್ ಭಾಗಕ್ಕೆ ಅಲ್ಲಿಗೆ ಹೋಗಬೇಕು.

ಯಾರು ಮೊದಲು ಹೋಗಬೇಕು ಅನ್ನುವುದು ಮನೆಯಲ್ಲಿ ಚರ್ಚೆಯಾಯಿತು. ಡಾಕ್ಟರ್ ಮೊದಲು ಹೋಗಲಿ ಅಂತ ಹಿರಿಯರ ಮನಸ್ಸು. ನಾವು ನಾನು ಮೊದಲು ಅಂತ ಮಾಡಿದೆವು. ನರ್ಸ್ ಕೆಲಸ ಅಲ್ಲಿ ಕ್ರಿಟಿಕಲ್ ಸ್ಕಿಲ್ಸ್, ಅಂದರೆ ದೇಶಕ್ಕೆ ತುರ್ತಾಗಿ ಬೇಕಾದ ಕೆಲಸಗಳ, ಪಟ್ಟಿಯಲ್ಲಿದೆ. ಆ ಪರ್ಮಿಟ್ ಇದ್ದವರ ಗಂಡ ಅಥವಾ ಹೆಂಡತಿಗೆ 2019ರಿಂದ ಸ್ಟ್ಯಾಂಪ್ 1ಜಿ ಎಂಬ ವಾಸದ ಅನುಮತಿ ಸಿಗುತ್ತದೆ, ಅದರಲ್ಲೇ ಕೆಲಸ ಮಾಡಬಹುದು. ಬೇರೆ ವರ್ಕ್ ಪರ್ಮಿಟ್ ಬೇಕಿಲ್ಲ. ಇದರ ಬೆಲೆ ಡಾಕ್ಟರಿಗೆ ಎಷ್ಟು ಅಂತ ಅಲ್ಲಿನ ಪದ್ಧತಿ ಗೊತ್ತಿದ್ದರೆ ತಿಳಿಯುತ್ತದೆ. ಜೂನಿಯರ್ ಡಾಕ್ಟರ್‌ಗಳ ಕೆಲಸಗಳು ಜನವರಿ ಮತ್ತು ಜುಲೈನಲ್ಲಿ ಬದಲಾಗುತ್ತವೆ. ಬಹಳ ಕಾಂಟ್ರಾಕ್ಟ್‌ಗಳು ಆರು ತಿಂಗಳದ್ದು. ನನ್ನ ಕೆಲಸದಿಂದ ಇವರಿಗೂ ಅನುಮತಿ ಬಂದಿದ್ದಕ್ಕೆ ಇವರು ಆಸ್ಪತ್ರೆ ಬದಲಿಸಿದಾಗಲೆಲ್ಲ ಪರ್ಮಿಟ್ ಚಿಂತೆ ಇಲ್ಲ. ಗಟ್ಟಿಯಾಗಿ ಒಂದೇ ಕಡೆ ನಿಲ್ಲುವ ಕೆಲಸ ಯಾರದ್ದೋ ವೀಸಾ ಅವರ ಹೆಸರಲ್ಲಿರಲಿ ಅಂತ ನಾನು ಎಲ್ಲ ಜೋಡಿಗಳಿಗೂ ಹೇಳುತ್ತೇನೆ.

ಈ ಆರು ತಿಂಗಳ ಬದಲಾವಣೆಯೇ ಊರನ್ನೂ ನಿರ್ಧರಿಸಿತು. ಒಂದೇ ದೊಡ್ಡ ಆಸ್ಪತ್ರೆ ಇರುವ ಊರಿನಲ್ಲಿ ಮನೆ ಮಾಡಿದರೆ ಇವರ ಮುಂದಿನ ಕಾಂಟ್ರಾಕ್ಟ್ ಬೇರೆ ಜಿಲ್ಲೆಗೆ ಬಿತ್ತು ಅಂದುಕೊಳ್ಳಿ. ಆಗ ಒಬ್ಬರು ವಾರಕ್ಕೊಮ್ಮೆ ಮನೆಗೆ ಬರುವ ಬದುಕು. ಅದಕ್ಕೆ ನಾವು ನಕ್ಷೆ ಹಿಡಿದು ಒಂದು ಗಂಟೆಯ ಡ್ರೈವಿಂಗ್ ಒಳಗೆ ಎಷ್ಟು ಆಸ್ಪತ್ರೆ ಇವೆ ಅಂತ ಎಣಿಸಿದೆವು. ಡಬ್ಲಿನ್‌ನಲ್ಲಿ ಬೇಕಾದಷ್ಟಿವೆ, ಆದರೆ ಬಾಡಿಗೆ ದೇಶದಲ್ಲೇ ಜಾಸ್ತಿ. ಕಾರ್ಕ್ ನಗರದಲ್ಲಿ ಕಾರ್ಕ್ ಯೂನಿವರ್ಸಿಟಿ ಹಾಸ್ಪಿಟಲ್, ಮರ್ಸಿ, ಸೌತ್ ಇನ್‌ಫರ್ಮರಿ ಮೂರೂ ಇವೆ. ಮ್ಯಾಲೋ ಜನರಲ್ ಹಾಸ್ಪಿಟಲ್ ಸುಮಾರು 35 ಕಿಲೋಮೀಟರ್. ನನಗೆ ಬೇಕಾದ ಐಸಿಯು ಇದೆ, ಇವರು ಮನೆ ಬದಲಿಸದೆ ಕೆಲಸ ಬದಲಿಸಬಹುದು. ಕಾರ್ಕ್ ಅಂತ ಆಯಿತು. ಬಾಡಿಗೆ ಮನೆ ಅಲ್ಲೂ ಸುಲಭವಾಗಿ ಸಿಗಲ್ಲ. ಆಫರ್ ಬಂದ ದಿನದಿಂದಲೇ ಹುಡುಕಬೇಕು.

ಇಬ್ಬರೂ ಒಂದೇ ಆಸ್ಪತ್ರೆಗೆ ಸೇರಬೇಕಾ? ನಾನು ಬೇಡ ಅನ್ನುತ್ತೇನೆ. ಒಂದೇ ಕಡೆ ಇದ್ದರೆ ಓಡಾಟ ಸುಲಭ, ನಿಜ. ಆದರೆ ಅಲ್ಲಿ ಮೇಲಧಿಕಾರಿ ಜೊತೆ ಒಬ್ಬರಿಗೆ ಸರಿಹೋಗದಿದ್ದರೆ ಇಬ್ಬರಿಗೂ ಕಷ್ಟ. ನಮ್ಮದು ಬೇರೆ ಬೇರೆ ಆಸ್ಪತ್ರೆ, ಒಂದೇ ಊರು.

ಇಂಟರ್‌ವ್ಯೂನಲ್ಲಿ ನಾನು ಕೇಳಿದ್ದು ಡ್ಯೂಟಿ ಪಟ್ಟಿಯ ಬಗ್ಗೆ. ಎಷ್ಟು ವಾರ ಮೊದಲು ಹಾಕುತ್ತಾರೆ? ನೈಟ್ ಡ್ಯೂಟಿ ಅದಲುಬದಲು ಮಾಡಿಕೊಳ್ಳಬಹುದಾ? ಗಂಡ ಆನ್‌ಕಾಲ್ ಇರುವ ರಾತ್ರಿ ನನಗೆ ರಜೆ ಕೇಳಬಹುದಾ? ನಮ್ಮ ಹಾಗೆ ಮಗು ಇರುವ ಜೋಡಿಗೆ ಇದು ಸಂಬಳಕ್ಕಿಂತ ದೊಡ್ಡ ಪ್ರಶ್ನೆ. ಐಸಿಯು ಶಿಫ್ಟ್ ಹನ್ನೆರಡು ಗಂಟೆಗೂ ಮೀರುತ್ತದೆ. ಶಿಶುವಿಹಾರ ಬೆಳಿಗ್ಗೆ ನಾನು ವಾರ್ಡ್ ಸೇರಿದ ಮೇಲೆ ತೆರೆಯುತ್ತದೆ, ನಾನು ಬಿಡುವ ಮೊದಲೇ ಮುಚ್ಚುತ್ತದೆ. ಆ ಎರಡು ಹೊತ್ತಿನಲ್ಲಿ ಮಗುವಿನ ಜೊತೆ ಯಾರು ಅಂತ ಆಫರ್ ಒಪ್ಪುವ ಮೊದಲೇ ಬರೆದಿಟ್ಟುಕೊಳ್ಳಬೇಕು. ನಾನು ಅಲ್ಲಿ ಕೆಲಸ ಮಾಡುವ ನರ್ಸ್‌ಗಳ ಹತ್ತಿರವೂ ಮಾತಾಡಿದೆ. ಏಜೆನ್ಸಿಯವರು ಹೇಳದ ಎಷ್ಟೋ ಸಂಗತಿ ಅವರು ಹೇಳಿದರು.

ಆಫರ್ ಪತ್ರದಲ್ಲಿ ಇನ್ನೊಂದು ಸಾಲು ಹುಡುಕಿ. ಇಷ್ಟು ತಿಂಗಳೊಳಗೆ ಬಿಟ್ಟರೆ ಕರೆಸಿಕೊಂಡ ಖರ್ಚು ವಾಪಸ್ ಕೊಡಬೇಕು ಅಂತ ಬರೆದಿರುತ್ತದೆ. ಒಬ್ಬಳೇ ಇದ್ದರೆ ಅದು ನನ್ನ ಸಾಲ. ಜೋಡಿಯಾಗಿದ್ದರೆ ಅದು ಇಬ್ಬರನ್ನೂ ಆ ಊರಿಗೆ ಕಟ್ಟಿಹಾಕುತ್ತದೆ. ಮೊತ್ತ ಎಷ್ಟು, ತಿಂಗಳು ಕಳೆದಂತೆ ಕಡಿಮೆ ಆಗುತ್ತದಾ ಅಂತ ಬರೆಸಿಕೊಂಡೇ ನಾನು ಸಹಿ ಮಾಡಿದ್ದು.

ಕಾಗದಪತ್ರದಲ್ಲಿ ಜೋಡಿಗಳಿಗೆ ಬರುವ ತೊಂದರೆ ದಿನಾಂಕದ್ದು. ಇಂಗ್ಲಿಷ್ ಪರೀಕ್ಷೆಗಳಾದ ಐಇಎಲ್‌ಟಿಎಸ್ ಅಥವಾ ಒಇಟಿ ಫಲಿತಾಂಶ ಸಾಮಾನ್ಯವಾಗಿ 2 ವರ್ಷ ಮಾತ್ರ ನಡೆಯುತ್ತದೆ. ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ (ನಮ್ಮ ಮೇಲೆ ದೂರಿಲ್ಲ ಅಂತ ಕೌನ್ಸಿಲ್ ಕೊಡುವ ಪತ್ರ) ಬಹಳ ಕಡೆ 3 ತಿಂಗಳು. ಅಂಕಗಳ ಮಟ್ಟವೂ ಬೇರೆ. ಐಇಎಲ್‌ಟಿಎಸ್‌ನಲ್ಲಿ ಬ್ರಿಟನ್ನಿನ ಲೆಕ್ಕ ನೋಡಿದರೆ ಜಿಎಂಸಿ ಡಾಕ್ಟರಿಗೆ ಒಟ್ಟು 7.5 ಕೇಳುತ್ತದೆ, ಎನ್‌ಎಂಸಿ ನರ್ಸ್‌ಗೆ 7, ಅದರಲ್ಲೂ ಬರವಣಿಗೆಗೆ 6.5 ಸಾಕು. ಇಬ್ಬರೂ ಉತ್ಸಾಹದಲ್ಲಿ ಒಂದೇ ದಿನ ಪರೀಕ್ಷೆ ಬರೆದರೆ, ದಾರಿ ಉದ್ದ ಇರುವವರ ಫಲಿತಾಂಶದ ಅವಧಿ ಮಧ್ಯದಲ್ಲೇ ಮುಗಿಯಬಹುದು. ಅದಕ್ಕೆ ನಾನು ಮೊದಲು ಬರೆದೆ. ಇವರು ಕಾಲೇಜಿನಿಂದ ಎಪಿಕ್, ಅಂದರೆ ಡಾಕ್ಟರ ಪದವಿ ದಾಖಲೆಗಳ ಆನ್‌ಲೈನ್ ಪರಿಶೀಲನೆ, ಮುಗಿದ ಮೇಲೆ ಬರೆದರು. ಕಾಲೇಜುಗಳು ಉತ್ತರ ಕೊಡುವುದು ನಿಧಾನ, ಅದನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಿ.

ಇವರು ಕ್ಲಿನಿಕಲ್ ಪರೀಕ್ಷೆ ಮುಗಿಸಿ ಜುಲೈ ಬದಲಾವಣೆಗೆ ಸರಿಯಾಗಿ ಕೆಲಸಕ್ಕೆ ಸೇರಿದರು. ಆ ನಡುವಿನ ತಿಂಗಳುಗಳಲ್ಲಿ ಮಗುವನ್ನು ಇವರೇ ನೋಡಿಕೊಂಡರು. ನನ್ನ ಸಂಬಳದಲ್ಲಿ ಮನೆ ನಡೆಯಿತು. ಎರಡನೇ ಕಾಂಟ್ರಾಕ್ಟ್ ಬೇರೆ ಆಸ್ಪತ್ರೆಯಲ್ಲಿ ಬಂದಾಗ ಮನೆ ಬದಲಿಸಲಿಲ್ಲ, ಮಗುವಿನ ಶಿಶುವಿಹಾರವೂ ಬದಲಾಗಲಿಲ್ಲ. ಈಗ ಇವರು ಜಿಪಿ ಟ್ರೈನಿಂಗ್‌ಗೆ ಅರ್ಜಿ ಹಾಕುತ್ತಿದ್ದಾರೆ. ಅದಕ್ಕೆ ಮತ್ತೆ ಅದೇ ಎರಡು ಸಾಲು ಬರೆದು ಕೂತಿದ್ದೇವೆ.