ಎಲ್ಕ್ ಬೇಟೆಗೆ ಎಷ್ಟು ಗ್ರೇನಿನ ಗುಂಡು?

ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಅಮೆರಿಕದ ಕೊಲರಾಡೊ ರಾಜ್ಯದ ಶೂಟಿಂಗ್ ರೇಂಜುಗಳಲ್ಲಿ ಒಂದೇ ಮಾತು: ದೈತ್ಯ ಜಿಂಕೆಯಾದ ಎಲ್ಕ್‌ಗೆ 150 ಗ್ರೇನ್ (ಗುಂಡಿನ ತೂಕದ ಅಳತೆ) ಸಾಕಾ, 180 ಬೇಕಾ, 200 ತಗೊಂಡರೆ ಇನ್ನೂ ಒಳ್ಳೆಯದಲ್ವಾ? ಅಕ್ಟೋಬರ್ ಮಧ್ಯಕ್ಕೆ ರೈಫಲ್ ಸೀಸನ್ ಶುರು. ಹೊಸಬರು (ಈಚೆಗೆ ಇವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ) ಕೊನೇ ಗಳಿಗೆಯಲ್ಲಿ ಅಂಗಡಿಗೆ ಓಡಿ, ಕಪಾಟಿನಲ್ಲಿರುವ ಅತಿ ಭಾರದ ಗುಂಡಿನ ಡಬ್ಬ ಎತ್ತಿಕೊಂಡು ಬರುತ್ತಾರೆ. ಡಬ್ಬದ ಸೀಲ್ ಒಡೆಯುವುದು ಬೇಟೆಯ ದಿನ ಬೆಳಿಗ್ಗೆ. ಆಯ್ಕೆಯ ಕ್ರಮವೇ ತಲೆಕೆಳಗು. ಸರಿಯಾದ ಕ್ರಮ ಇಲ್ಲಿದೆ.

1. ಮೊದಲು ಕಾಗದಪತ್ರ

ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯಿರಲಿ, ಒಂದು ತೋಟಾ ಇಟ್ಟುಕೊಳ್ಳುವುದೂ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಆದ್ದರಿಂದ ಲೈಸೆನ್ಸ್ ಮೊದಲು, ಡಬ್ಬ ಆಮೇಲೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಾಪತ್ರಯ ಇಲ್ಲ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು, ಅಂದರೆ ಹೆಚ್ಚುಕಡಿಮೆ ಎಲ್ಲರೂ, ಕೊಲರಾಡೊದಲ್ಲಿ ಬೇಟೆ ಸುರಕ್ಷತೆಯ ತರಬೇತಿ ಪಾಸಾಗಿರಲೇಬೇಕು.

ಗುಂಡಿಗೂ ನಿಯಮವಿದೆ. ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್ (ಇಂಚಿನಲ್ಲಿ ಗುಂಡಿನ ವ್ಯಾಸ), ಕನಿಷ್ಠ 85 ಗ್ರೇನ್, ತಾಗಿದಾಗ ಅರಳುವ ಗುಂಡೇ ಆಗಿರಬೇಕು, 100 ಗಜದಲ್ಲಿ ಕನಿಷ್ಠ 1000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಇದು ಕಾನೂನು ಒಪ್ಪುವ ತಳಮಟ್ಟ ಅಷ್ಟೇ. 85 ಗ್ರೇನ್ ಹಿಡಿದುಕೊಂಡು ಎಲ್ಕ್ ಹಿಂದೆ ಹೋಗುವವರ ಜೊತೆ ನಾನಂತೂ ಹೋಗುವುದಿಲ್ಲ.

2. ಡಬ್ಬದ ಮೇಲಿನ ಅಂಕಿ ಓದಿ

ಗ್ರೇನ್ ಎಂದರೆ ತೂಕ. 7000 ಗ್ರೇನಿಗೆ ಒಂದು ಪೌಂಡ್, ಸುಮಾರು 15.4 ಗ್ರೇನಿಗೆ ಒಂದು ಗ್ರಾಂ. ಡಬ್ಬದಲ್ಲಿ ಬರೆದಿರುವುದು ಇಡೀ ತೋಟಾದ ತೂಕವಲ್ಲ, ಒಳಗಿನ ಮದ್ದಿನ ತೂಕವೂ ಅಲ್ಲ. ನಳಿಗೆಯಿಂದ ಹಾರಿಹೋಗುವ ಗುಂಡಿನದ್ದು ಮಾತ್ರ. 180 ಗ್ರೇನಿನ ಗುಂಡು 12 ಗ್ರಾಂ ಕೂಡ ತೂಗುವುದಿಲ್ಲ. ಅದು ಕೆಡವಬೇಕಾದ ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ನಮ್ಮ ಕಡವೆ ಇದರ ಪಕ್ಕದಲ್ಲಿ ಸಣ್ಣದಾಗಿ ಕಾಣುತ್ತದೆ.

3. ತೂಕಕ್ಕಿಂತ ಮೊದಲು ಗುಂಡಿನ ಜಾತಿ

ಜನ ಎಡವುವುದು ಇಲ್ಲೇ. 180 ಗ್ರೇನ್ ಎಂದು ಬರೆದ ಎರಡು ಡಬ್ಬ ಒಂದೇ ಕೆಲಸ ಮಾಡುತ್ತವೆ ಎಂದುಕೊಳ್ಳುತ್ತಾರೆ. ಮಾಡುವುದಿಲ್ಲ.

ಸಾದಾ ಗುಂಡಿನಲ್ಲಿ ಸೀಸದ ತಿರುಳು, ಮೇಲೆ ತೆಳ್ಳಗಿನ ತಾಮ್ರದ ಹೊದಿಕೆ. ಸಣ್ಣ ಜಿಂಕೆಗೆ ಧಾರಾಳ ಸಾಕು. ಎಲ್ಕ್‌ನ ಭುಜದ ಮೂಳೆಗೆ ಹತ್ತಿರದಿಂದ ವೇಗವಾಗಿ ಬಡಿದರೆ ಹೊದಿಕೆ ಒಂದು ಕಡೆ, ಸೀಸ ಒಂದು ಕಡೆ ಚೂರಾಗಿ, ಶ್ವಾಸಕೋಶ ಮುಟ್ಟುವ ಮೊದಲೇ ಕಥೆ ಮುಗಿಯಬಹುದು. ಅಮೆರಿಕದ ಬೇಟೆಗಾರ ಜಾನ್ ನಾಸ್ಲರ್‌ಗೆ ಈ ಕಾಟ ಎದುರಾದದ್ದು 1946ರಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಬೇಟೆಗೆ ಹೋದಾಗ. ಗುಂಡು ಒಳಗೆ ಇಳಿಯಲಿಲ್ಲ. ಆತ ಮನೆಗೆ ಬಂದು, ಹೊದಿಕೆಯ ನಡುವೆ ಒಂದು ಅಡ್ಡಗೋಡೆ ಇಟ್ಟು ಹೊಸ ಗುಂಡು ಮಾಡಿದ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಹಾಗೇ ಉಳಿದು ಒಳಗೆ ನುಗ್ಗುತ್ತದೆ. ‘ಪಾರ್ಟಿಷನ್’ ಎಂಬ ಹೆಸರಿನಲ್ಲಿ ಇವತ್ತಿಗೂ ಸಿಗುತ್ತದೆ.

ಇನ್ನೊಂದು ಬಗೆಯಲ್ಲಿ ಸೀಸವನ್ನು ಹೊದಿಕೆಗೆ ಬೆಸೆದಿರುತ್ತಾರೆ. ಆಕ್ಯುಬಾಂಡ್ ಇದಕ್ಕೆ ಉದಾಹರಣೆ. ಮೂರನೆಯದು ಪೂರ್ತಿ ತಾಮ್ರದ್ದು, ಬಾರ್ನ್ಸ್ ಕಂಪನಿಯ ಟಿಎಸ್‌ಎಕ್ಸ್ ಥರದ್ದು. ತಾಗಿದಾಗ ಮುಂಭಾಗ ದಳದಳವಾಗಿ ಬಿಚ್ಚಿಕೊಂಡರೂ ತೂಕ ಹೆಚ್ಚೂಕಡಿಮೆ ಪೂರ್ತಿ ಉಳಿಯುತ್ತದೆ. ಹಾಗಾಗಿ ತಾಮ್ರಕ್ಕೆ ಹೋದರೆ ತೂಕದಲ್ಲಿ ಒಂದು ಮೆಟ್ಟಿಲು ಇಳಿಯಬಹುದು, ಇಳಿಯಲೂಬೇಕು. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ನಿಮ್ಮ ನಳಿಗೆಯೊಳಗಿನ ಸುರುಳಿ ಗೆರೆಗಳು ಅಷ್ಟು ಉದ್ದದ ಗುಂಡನ್ನು ತಿರುಗಿಸಿ ನೆಟ್ಟಗೆ ಕಳಿಸಲಾರದೆ ಹೋಗಬಹುದು.

ನನ್ನ ಓಟು ತಾಮ್ರಕ್ಕೇ. ಸೀಸದ ಸಣ್ಣ ಚೂರುಗಳು ಗಾಯದಿಂದ ಸಾಕಷ್ಟು ದೂರದ ಮಾಂಸದಲ್ಲೂ ಸೇರಿಕೊಳ್ಳುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಕಾಚಂಪುಳಿ ಹಾಕಿ ಎಲ್ಕ್ ಕರಿ ಮಾಡಿ ಮಕ್ಕಳಿಗೂ ಬಡಿಸುವವರು ಇದನ್ನು ಯೋಚಿಸಬೇಕು. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ಕೊಲರಾಡೊದಲ್ಲಿ ಹಾಗೇನಿಲ್ಲ, ಆಯ್ಕೆ ನಿಮ್ಮದು.

ಸೇನೆಯ ಹಳೇ ಮಾಲು ಎಂದು ಅಗ್ಗಕ್ಕೆ ಸಿಗುವ, ಪೂರ್ತಿ ಹೊದಿಕೆಯ ಗುಂಡು ಕಾನೂನಿಗೂ ಒಗ್ಗದು, ಪ್ರಾಣಿಗೂ ಕ್ರೂರ. ಅರಳದೆ ಸೂಜಿಯಂತೆ ತೂರಿ ಹೋಗುತ್ತದೆ. ‘ಮ್ಯಾಚ್’ ಎಂದು ಬರೆದ ಗುಂಡು ಕಾಗದದ ಗುರಿಗೆ. ರೇಂಜಿನಲ್ಲಿ ಎಷ್ಟೇ ಚೆನ್ನಾಗಿ ಬಿದ್ದರೂ ಕಾಡಿಗೆ ಒಯ್ಯಬೇಡಿ.

4. ಈಗ ತೂಕ

ಇದು ನಿಜಕ್ಕೂ ಎರಡು ನಿಮಿಷದ ಕೆಲಸ. ಬೇರೆ ಬೇರೆ ಕ್ಯಾಲಿಬರ್‌ಗಳ ಬರೀ ತೂಕ ಹೋಲಿಸಬೇಡಿ. ತೂಕವನ್ನು ಪೌಂಡಿಗೆ ತಂದು, ಗುಂಡಿನ ವ್ಯಾಸದ (ಇಂಚಿನಲ್ಲಿ) ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ನೋಡಿ. .30-06ರ (ಇದೂ ಮುಂದೆ ಬರುವಂಥವೂ ತೋಟಾಗಳ ಹೆಸರು) 150 ಗ್ರೇನಿಗೆ ಇದು .226, 180ಕ್ಕೆ .271. ತೆಳ್ಳಗಿನ 6.5 ಕ್ರೀಡ್‌ಮೋರ್‌ನ 140 ಗ್ರೇನಿಗೆ .287. ‘ಬರೀ 140’ ಎಂದು ಮೂಗು ಮುರಿಯುವವರು ಈ ಲೆಕ್ಕ ಮಾಡಿರುವುದಿಲ್ಲ. ಸೀಸದ ತಿರುಳಿನ ಗುಂಡಾದರೆ ಈ ಸಂಖ್ಯೆ .270ರ ಆಸುಪಾಸು ಇರಲಿ.

ಅಂದರೆ .270 ವಿಂಚೆಸ್ಟರ್‌ಗೆ 150, 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂಗೆ 160, .30-06ಕ್ಕೂ .300 ವಿಂಚೆಸ್ಟರ್ ಮ್ಯಾಗ್ನಂಗೂ 180. ತಾಮ್ರವಾದರೆ .270ಗೆ 130, .30-06ಕ್ಕೆ 165.

ಭಾರದ ಗುಂಡು ಬೇಗ ಕೆಳಗೆ ಬೀಳುತ್ತದೆ ಎಂಬ ಹೆದರಿಕೆ ಅತಿಯಾಯಿತು. .30-06ರಲ್ಲಿ 150 ಗ್ರೇನ್ ಸೆಕೆಂಡಿಗೆ ಸುಮಾರು 2900 ಅಡಿ ವೇಗದಲ್ಲಿ ಹೊರಟರೆ 180 ಗ್ರೇನ್ 2700ರಲ್ಲಿ ಹೊರಡುತ್ತದೆ. 200 ಗಜಕ್ಕೆ ಜೀರೋ ಮಾಡಿದ್ದರೆ (ಅಂದರೆ ಆ ದೂರದಲ್ಲಿ ಏಟು ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿದ್ದರೆ), 300 ಗಜದಲ್ಲಿ ಎರಡರ ನಡುವಿನ ವ್ಯತ್ಯಾಸ ಇಂಚಿನ ಆಸುಪಾಸು. ಎಲ್ಕ್‌ನ ಎದೆಗೂಡು ಎಷ್ಟು ದೊಡ್ಡದು ಎಂದು ಒಮ್ಮೆ ನೋಡಿದವರು ಈ ಇಂಚಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

5. ರೇಂಜಿನಲ್ಲಿ ಒಂದು ಪೂರ್ತಿ ದಿನ

ಎಲ್ಲಕ್ಕಿಂತ ಮುಖ್ಯ ಇದು, ಎಲ್ಲರೂ ಬಿಡುವುದೂ ಇದನ್ನೇ. ಮೊದಲು ನಳಿಗೆಯ ಮೇಲೆ ಕೆತ್ತಿದ ಹೆಸರನ್ನೂ ತೋಟಾದ ಹಿಂಬದಿಯಲ್ಲಿ ಒತ್ತಿದ ಹೆಸರನ್ನೂ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ‘.300’ ಎಂದು ಶುರುವಾಗುವ ಹೆಸರು ಹತ್ತಾರಿವೆ, ಒಂದರ ತೋಟಾ ಇನ್ನೊಂದಕ್ಕೆ ನಡೆಯದು.

ಅದೇ ರೈಫಲ್, ಅದೇ ಸ್ಕೋಪ್ (ಗುರಿ ನೋಡುವ ದುರ್ಬೀನು), ಗುಂಡಿನ ತೂಕ ಮಾತ್ರ ಬದಲಾದರೂ 100 ಗಜದಲ್ಲಿ ಏಟು ಕೆಲವು ಇಂಚು ಸರಿಯಬಹುದು. ಮೇಲೆ ಕೆಳಗೆ ಮಾತ್ರವಲ್ಲ, ಎಡಕ್ಕೆ ಬಲಕ್ಕೂ. ಹಾಗಾಗಿ ಎರಡು ಮೂರು ಬಗೆಯ ಡಬ್ಬ ತಂದು, ಮರಳು ಚೀಲದ ಮೇಲೆ ರೈಫಲ್ ಇಟ್ಟು, ಒಂದೊಂದರಲ್ಲಿ ಮೂರು ಮೂರು ಏಟು ಹೊಡೆಯಿರಿ. ನಡುವೆ ನಳಿಗೆ ಆರಲಿ. ಬೆರಳಿಟ್ಟರೆ ಬಿಸಿ ಎನ್ನಿಸುವಾಗ ಹೊಡೆದ ಏಟು ಲೆಕ್ಕಕ್ಕಿಲ್ಲ. ಕಾಡಿನಲ್ಲಿ ನಿಮಗೆ ಸಿಗುವುದು ತಣ್ಣನೆಯ ನಳಿಗೆಯ ಮೊದಲ ಏಟು. ಯಾವುದರ ಮೂರು ತೂತು ಹತ್ತಿರ ಹತ್ತಿರ ಬಿತ್ತೋ ಅದೇ ನಿಮ್ಮ ರೈಫಲ್ಲಿನ ಗುಂಡು, ನನ್ನ ಪಟ್ಟಿ ಏನೇ ಹೇಳಲಿ. ಡಬ್ಬದ ಮಡಿಕೆಯ ಮೇಲೆ ಲಾಟ್ ನಂಬರ್ ಇರುತ್ತದೆ, ಅದೇ ಲಾಟಿನದು ಇನ್ನೊಂದೆರಡು ಡಬ್ಬ ತಂದಿಟ್ಟುಕೊಳ್ಳಿ. .30-06ರ 180 ಗ್ರೇನಿಗೆ 100 ಗಜದಲ್ಲಿ ಏಟು ಸುಮಾರು 2 ಇಂಚು ಮೇಲೆ ಬೀಳುವಂತೆ ಸ್ಕೋಪ್ ತಿರುಗಿಸಿದರೆ 200 ಗಜದ ಹತ್ತಿರ ಜೀರೋ ಆಗುತ್ತದೆ. ಅದನ್ನು 200 ಗಜದಲ್ಲಿ ಹೊಡೆದೇ ಖಚಿತ ಮಾಡಿಕೊಳ್ಳಿ.

ನಳಿಗೆಗೆ ಸಿಕ್ಕಿಸುವ ಲೇಸರ್ ತೋರಿಸಿ ‘ಇದಿದ್ದರೆ ರೇಂಜಿಗೆ ಹೋಗುವುದೇ ಬೇಡ’ ಎನ್ನುವ ಅಂಗಡಿಯವರಿದ್ದಾರೆ. ಮೊದಲ ಏಟು ಕಾಗದದೊಳಗೆ ಬೀಳುವಂತೆ ಮಾಡುವುದಷ್ಟೇ ಅದರ ಕೆಲಸ.

ಆಮೇಲೆ ಹೆದರಿಕೆಯ ಪರೀಕ್ಷೆ. ಗೆಳೆಯರೊಬ್ಬರ ಕೈಗೆ ರೈಫಲ್ ಕೊಟ್ಟು, ನಿಮಗೆ ಕಾಣದಂತೆ ಕೆಲವು ಸಲ ನಿಜವಾದ ತೋಟಾ, ಕೆಲವು ಸಲ ಮದ್ದಿಲ್ಲದ ಡಮ್ಮಿ ತೋಟಾ ಹಾಕಲು ಹೇಳಿ. ಗುರಿ ಹಿಡಿದು ಟ್ರಿಗರ್ ಎಳೆಯಿರಿ. ಡಮ್ಮಿ ಇದ್ದಾಗ ‘ಟಿಕ್’ ಎಂಬ ಸದ್ದಿನ ಜೊತೆಗೆ ನಳಿಗೆಯ ತುದಿ ಸರ್ರನೆ ಕೆಳಗೆ ಬಾಗಿತೆಂದರೆ, ಭುಜಕ್ಕೆ ಬೀಳುವ ಒದೆತಕ್ಕೆ ನಿಮ್ಮ ಮೈ ಮೊದಲೇ ಹೆದರಿದೆ ಎಂದರ್ಥ. ಭಾರದ ಗುಂಡು ಜೋರಾಗಿ ಒದೆಯುತ್ತದೆ, ಹೆಚ್ಚು ಮದ್ದು ಹಿಡಿಯುವ ಮ್ಯಾಗ್ನಂ ತೋಟಾ ಇನ್ನೂ ಜೋರು. ಮುಚ್ಚುಮರೆ ಮಾಡದೆ ತೂಕ ಒಂದು ಮೆಟ್ಟಿಲು ಇಳಿಸಿ, ಜಾತಿ ಮಾತ್ರ ಗಟ್ಟಿಯದ್ದೇ ಇರಲಿ. ಶ್ವಾಸಕೋಶಕ್ಕೆ ಬಿದ್ದ 165ರ ಎದುರು ಹೊಟ್ಟೆಗೆ ಬಿದ್ದ 200 ಏನೇನೂ ಅಲ್ಲ.

ಕೊನೆಗೆ ಬೆಂಚು ಬಿಟ್ಟೇಳಿ. ಕುಳಿತು, ಮಂಡಿಯೂರಿ, ಕೋಲಿಗೆ ಆನಿಸಿ ಹೊಡೆಯಿರಿ. ಯಾವ ದೂರದವರೆಗೆ ಪ್ರತಿ ಏಟೂ ಊಟದ ತಟ್ಟೆಯಷ್ಟು ಜಾಗದೊಳಗೆ ಬೀಳುತ್ತದೋ ಅದೇ ನಿಮ್ಮ ಗಡಿ. ಪ್ರಾಣಿ ಅದರಾಚೆ ನಿಂತಿದ್ದರೆ ಹತ್ತಿರ ಹೋಗಿ, ಇಲ್ಲವೇ ಬಿಡಿ.

6. ಸೀಸನ್ ಮುಗಿದ ಮೇಲೆ

ಉಳಿದ ತೋಟಾಗಳನ್ನು ಎಣಿಸಿ ಬೀಗದೊಳಗೆ ಇಡಿ. ಜಾಕೆಟ್ಟಿನ ಜೇಬು, ಬೆನ್ನುಚೀಲದ ಮೂಲೆಮೂಲೆ ಜಾಡಿಸಿ ನೋಡಿ. ಅದೇ ಚೀಲ ಹೆಗಲಿಗೇರಿಸಿ ರಜೆಗೆ ಊರಿಗೆ ಬಂದು, ದೇವನಹಳ್ಳಿ ವಿಮಾನ ನಿಲ್ದಾಣದ ಎಕ್ಸ್-ರೇಯಲ್ಲಿ ಒಂದೇ ಒಂದು ತೋಟಾ ಕಂಡರೂ ನಮ್ಮ ಶಸ್ತ್ರಾಸ್ತ್ರ ಕಾಯ್ದೆಯಡಿ ಪೊಲೀಸ್ ಕೇಸಾಗುತ್ತದೆ. ಮರೆತು ಉಳಿದಿತ್ತು ಎಂಬ ವಿವರಣೆ ಆಮೇಲೆ ವಕೀಲರ ಮೂಲಕ ಕೊಡಬೇಕಾಗುತ್ತದೆ.