ಬಣ್ಣ ಒಣಗದ ಊರಿನಲ್ಲಿ ನಾಲ್ಕು ದಿನ

ಜಲವರ್ಣದಲ್ಲಿ ಚಿತ್ರ ಬರೆಯುವವರಿಗೆ ಒಂದು ಲೆಕ್ಕವಿರುತ್ತದೆ: ಮೊದಲ ಪದರ ಹಚ್ಚಿ ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಕಾಗದ ಒಣಗಿರಬೇಕು. ಬರ್ರಾಂಕೊದಲ್ಲಿ ನಾನು ಎರಡು ಕಾಫಿ ಕುಡಿದೆ. ಕಾಗದ ಹಾಗೆಯೇ ತೊಯ್ದುಕೊಂಡು ಕುಳಿತಿತ್ತು. ಅವಸರ ತಾಳದೆ ಎರಡನೆಯ ಪದರ ಹಚ್ಚಿದೆ. ನೀಲಿ ಬಾಗಿಲು ಹಳದಿ ಗೋಡೆಯೊಳಗೆ ಹರಿದು ಹಸಿರಾಯಿತು.

ಬರ್ರಾಂಕೊ ಎಂದರೆ ಪೆರು ದೇಶದ ರಾಜಧಾನಿ ಲಿಮಾದ ಕಡಲಂಚಿನ ಬಡಾವಣೆ. ಕೋಟಿ ಜನರ ನಗರದಲ್ಲಿ ಮೂರು ಚದರ ಕಿಲೋಮೀಟರಿಗಿಂತ ತುಸು ದೊಡ್ಡದಾದ ಜಾಗ. ಹೆಸರಿನ ಅರ್ಥ ಕೊರಕಲು. ಹತ್ತೊಂಬತ್ತನೆಯ ಶತಮಾನದಲ್ಲಿ ಲಿಮಾದ ಶ್ರೀಮಂತರು ಬೇಸಗೆ ಕಳೆಯಲು ಬರುತ್ತಿದ್ದ ಊರು ಇದು. ಈಗ ಚಿತ್ರಕಾರರ, ಸಂಗೀತಗಾರರ, ಬರಹಗಾರರ ಠಿಕಾಣಿ. ನೊಬೆಲ್ ಪುರಸ್ಕೃತ ಮಾರಿಯೊ ವರ್ಗಾಸ್ ಯೋಸಾ ಅವರ ಮನೆಯೂ ಇಲ್ಲಿಯೇ ಇತ್ತು. ಕಚೇರಿಯ ಕೆಲಸ ಮುಗಿದ ಮೇಲೆ ನನಗೆ ಉಳಿದದ್ದು ನಾಲ್ಕು ದಿನ. ಮಾಚು ಪಿಚುವಿಗೆ ಹೋಗಲಿಲ್ಲವೇ ಎಂದು ಈಗಲೂ ಕೇಳುತ್ತಾರೆ. ಹೋಗಲಿಲ್ಲ.

ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಷ್ಟು ದೂರವೋ ಲಿಮಾ ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಆ ಲೆಕ್ಕ ನಂಬಿ ಆಗಸ್ಟ್‌ನಲ್ಲಿ ಹತ್ತಿಯ ಅಂಗಿ ತುಂಬಿಕೊಂಡು ಹೋದದ್ದು ನನ್ನದೇ ದಡ್ಡತನ. ಅಲ್ಲಿ ಅದು ಚಳಿಗಾಲ. ಕರಾವಳಿಯುದ್ದಕ್ಕೂ ಹರಿಯುವ ಹಂಬೋಲ್ಟ್ ಶೀತಪ್ರವಾಹ ಮೇಲಿನ ಗಾಳಿಯನ್ನು ತಣ್ಣಗಾಗಿಸಿ ತಿಂಗಳುಗಟ್ಟಲೆ ಮೋಡದ ಮುಚ್ಚಳ ಹಾಕಿಡುತ್ತದೆ. ಮಳೆಯೂ ಅಲ್ಲದ, ಮಂಜೂ ಅಲ್ಲದ ಹನಿ ಮುಖಕ್ಕೆ ಅಂಟುತ್ತದೆ. ಅದಕ್ಕೆ ಅಲ್ಲಿಯವರು ಗರುವಾ ಎನ್ನುತ್ತಾರೆ. ಆ ಬೂದು ಆಕಾಶಕ್ಕೂ ಅವರ ಬಳಿ ಒಂದು ಹೆಸರಿದೆ: ಕತ್ತೆಯ ಹೊಟ್ಟೆ.

ನಾನು ತೀರ್ಥಹಳ್ಳಿ ಕಡೆಯವನು. ತೇವದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಆದರೆ ಇಷ್ಟು ತೇವವಿರುವ ಊರಿನಲ್ಲಿ ಮಳೆಯೇ ಇಲ್ಲ ಎಂಬುದು ತಲೆಗೆ ಹೋಗಲು ಒಂದು ದಿನ ಬೇಕಾಯಿತು. ಮನೆಗಳನ್ನು ಬರೆಯಲು ಕುಳಿತಾಗ ಕೈ ತಾನಾಗಿಯೇ ಇಳಿಜಾರು ಮಾಡು ಎಳೆಯಿತು. ಕತ್ತೆತ್ತಿ ನೋಡಿದರೆ ಮಾಡೇ ಇಲ್ಲ! ಸಮತಟ್ಟಾದ ಚಾವಣಿ, ಸೂರಿನ ನೀರು ಬೀಳಲು ದೋಣಿಯಿಲ್ಲ. ಹಳೆಯ ಗೋಡೆಗಳಲ್ಲಿ ಹಲವು ಹಸಿ ಇಟ್ಟಿಗೆಯವು, ಇಲ್ಲವೇ ಬಿದಿರಿನಂಥ ದಬ್ಬೆಗೆ ಮಣ್ಣು ಮೆತ್ತಿದವು. ನಮ್ಮೂರಿನ ಒಂದು ಆಷಾಢ ಸಾಕು, ಬೀದಿಗೆ ಬೀದಿಯೇ ಕರಗಿಹೋದೀತು.

ಮಾರ್ಗ ಹೇಳಿಬಿಡುತ್ತೇನೆ. ನಗರದ ಮಧ್ಯಭಾಗದಿಂದ ಮೆಟ್ರೊಪಾಲಿತಾನೊ ಬಸ್ ಹತ್ತಿ ಬುಲೆವಾರ್ ನಿಲ್ದಾಣದಲ್ಲಿ ಇಳಿಯಬೇಕು. ಅದಕ್ಕೆ ಪ್ರತ್ಯೇಕ ಮಾರ್ಗವಿರುವುದರಿಂದ ಲಿಮಾದ ವಾಹನಸಂದಣಿಯ ಪಾಡು ತಪ್ಪುತ್ತದೆ. ನಿಲ್ದಾಣದಲ್ಲಿ ಕಾರ್ಡಿಗೆ ಹಣ ತುಂಬಿಕೊಂಡೇ ಒಳಗೆ ಹೋಗಬೇಕು. ಅಲ್ಲಿಂದ ಸ್ವಲ್ಪ ನಡೆದರೆ ಚೌಕ, ಗಡಿಯಾರದ ಗೋಪುರವಿರುವ ಗ್ರಂಥಾಲಯ, ಅದರಾಚೆ ‘ನಿಟ್ಟುಸಿರ ಸೇತುವೆ’. ಕೊರಕಲಿನ ಮೇಲೆ 1876ರಲ್ಲಿ ಕಟ್ಟಿದ ಮರದ ಸೇತುವೆಯದು. ಮೊದಲ ಸಲ ಕಂಡವರು ಉಸಿರು ಬಿಗಿಹಿಡಿದು ದಾಟಿದರೆ ಮನಸ್ಸಿನಲ್ಲಿ ನೆನೆದದ್ದು ನಡೆಯುತ್ತದಂತೆ. ನಾನೂ ಹರಕೆ ಹೊತ್ತವನಂತೆ ಉಸಿರೆಳೆದು ಹೊರಟೆ. ನಡುವೆ ಮದುವೆಯ ಜೋಡಿಯೊಂದು ಫೋಟೊಗೆ ನಿಂತಿತ್ತು. ವಧುವಿನ ಉಡುಪಿನ ಅಂಚು ಸೇತುವೆಯ ಅಗಲಕ್ಕೂ ಹರಡಿತ್ತು. ನನ್ನ ಉಸಿರು ಅಲ್ಲಿಯೇ ಹೋಯಿತು. ಎರಡನೆಯ ಅವಕಾಶವಿಲ್ಲ.

ಸೇತುವೆ ದಾಟಿದರೆ ಎರ್ಮಿತಾ ಎಂಬ ಚರ್ಚು. 1940ರ ಭೂಕಂಪದಲ್ಲಿ ಅದರ ಚಾವಣಿ ಕುಸಿಯಿತು. ಹಿಂಬದಿಯಿಂದ ನೋಡಿದರೆ ಚಾವಣಿಯ ಮರದ ಪಕ್ಕೆಲುಬುಗಳು ಕಾಣುತ್ತವೆ, ಮೇಲೆ ಕಪ್ಪು ರಣಹದ್ದುಗಳು ಸಾಲಾಗಿ ಕುಳಿತಿರುತ್ತವೆ. ನನ್ನ ನಾಲ್ಕು ದಿನಗಳಲ್ಲಿ ಕೂತಲ್ಲಿಂದ ಅಲುಗಾಡದೆ ಚಿತ್ರಕ್ಕೆ ಒದಗಿದ್ದು ಅವು ಮಾತ್ರ.

ಸೇತುವೆಯ ಕೆಳಗಿನ ಕೊರಕಲಿನಲ್ಲಿಯೇ ಕಡಲಿಗೆ ಇಳಿಯುವ ದಾರಿಯಿದೆ. ಹೆಸರು ಬಹಾದಾ ದೆ ಬಾನ್ಯೋಸ್, ಸ್ನಾನಕ್ಕೆ ಹೋಗುವವರ ಇಳಿಜಾರು. ಎರಡೂ ಬದಿಯಲ್ಲಿ ಹಳೆಯ ಬಂಗಲೆಗಳು, ಗೋಡೆಗಳ ಮೇಲೆ ಆಳೆತ್ತರದ ಚಿತ್ರಗಳು. ಕೊನೆಯಲ್ಲಿ ಹೆದ್ದಾರಿಯ ಮೇಲಿನ ಕಾಲುಸೇತುವೆ, ಆಮೇಲೆ ಪೆಸಿಫಿಕ್. ಅಲ್ಲಿಂದ ತಿರುಗಿ ನೋಡಿದಾಗಲೇ ಊರಿನ ಹೆಸರು ಅರ್ಥವಾಗುವುದು. ಮೇಲಿನ ಊರನ್ನು ಹೊತ್ತ ಕಡಿದಾದ ಗೋಡೆ ಬಂಡೆಯದಲ್ಲ. ನದಿ ಯಾವುದೋ ಕಾಲದಲ್ಲಿ ತಂದು ಸುರಿದ ಉರುಟು ಕಲ್ಲು, ಜಲ್ಲಿ, ಮಣ್ಣು. ಲಾಡು ಕಟ್ಟಿದ ಹಾಗಿದೆ.

ಬೂದು ಬೆಳಕಿನ ಕಷ್ಟವೆಂದರೆ ನೆರಳಿಲ್ಲ. ನೆರಳಿಲ್ಲದೆ ಗೋಡೆಗೆ ದಪ್ಪ ಬರುವುದಿಲ್ಲ. ಎರಡನೆಯ ದಿನ ನೀರು ಕಡಿಮೆ ಮಾಡಿ, ಪೆನ್ಸಿಲಿನಲ್ಲಿ ಅಂಚು ಗಟ್ಟಿಯಾಗಿ ಎಳೆದು, ಒಣ ಕುಂಚದಲ್ಲಿ ಉಜ್ಜಿದೆ. ಆಗ ಇನ್ನೊಂದು ವಿಷಯ ಹೊಳೆಯಿತು: ಬಿಸಿಲು ಅಳಿಸಿಹಾಕುವ ಬಣ್ಣಗಳನ್ನು ಈ ಮೋಡ ಹಾಗೆಯೇ ಉಳಿಸುತ್ತದೆ. ಕಾವಿಯಲ್ಲಿಯೇ ಆರು ಬಗೆ ಎಣಿಸಿದೆ.

ವಸ್ತುಸಂಗ್ರಹಾಲಯಗಳಿಗೆ ಸೋಮವಾರ ಹೋಗಬೇಡಿ. ನಾನು ಹೋಗಿ ಬೀಗ ನೋಡಿ ಬಂದೆ. ಮರುದಿನ ಪೆದ್ರೊ ದೆ ಓಸ್ಮಾ ಸಂಗ್ರಹಾಲಯದಲ್ಲಿ ಕುಸ್ಕೊ ಶೈಲಿಯ ವಸಾಹತು ಕಾಲದ ಚಿತ್ರಗಳ ಮುಂದೆ ಬಹಳ ಹೊತ್ತು ನಿಂತೆ. ಮೇರಿಯ ಉಡುಪಿನ ಮೇಲೆ ಚಿನ್ನದ ಬಳ್ಳಿ. ಬಟ್ಟೆಯ ಮಡಿಕೆ ಎಲ್ಲಿ ಬಾಗಿದರೂ ಬಳ್ಳಿ ಬಾಗುವುದಿಲ್ಲ, ಚಪ್ಪಟೆಯಾಗಿ ಹಾದುಹೋಗುತ್ತದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕು ನೋಡಿ ಬೆಳೆದ ಕಣ್ಣಿಗೆ ಅದು ತಪ್ಪೆಂದು ಅನಿಸಲೇ ಇಲ್ಲ. ಫೋಟೊ ಕಲೆ ಬೇಕಾದವರಿಗೆ ಛಾಯಾಗ್ರಾಹಕ ಮಾರಿಯೊ ತೆಸ್ತಿನೊ ಸ್ಥಾಪಿಸಿದ ‘ಮಾತೆ’ (MATE) ಎಂಬ ಸಂಗ್ರಹಾಲಯ ಹತ್ತಿರದಲ್ಲಿಯೇ ಇದೆ. ನನಗೆ ಆ ಹೊತ್ತಿಗೆ ಹಸಿವಾಗಿತ್ತು.

ಸಸ್ಯಾಹಾರಿಗಳು ಮೂರು ಮಾತು ಕಲಿಯಬೇಕು: ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ. ಅಂದರೆ ಮಾಂಸವಿಲ್ಲದೆ, ಕೋಳಿಯಿಲ್ಲದೆ, ಮೀನಿಲ್ಲದೆ. ಮಾಂಸ ಬೇಡವೆಂದಷ್ಟೇ ಹೇಳಿದರೆ ಕೋಳಿ ಬರಬಹುದು. ನನ್ನ ಪಾಲಿಗೆ ಪಿಕರೋನೆಸ್ ಇತ್ತು. ಸಿಹಿಗುಂಬಳ, ಗೆಣಸು ಬೆರೆಸಿದ ಹಿಟ್ಟು ಹುದುಗು ಬಂದಿರುತ್ತದೆ. ಗಾಡಿಯ ಹೆಂಗಸು ಉಪ್ಪುನೀರಿನಲ್ಲಿ ಬೆರಳದ್ದಿ, ಒಂದು ಹಿಡಿ ಹಿಟ್ಟು ಎತ್ತಿ, ಹೆಬ್ಬೆರಳಿನಿಂದ ತೂತು ಮಾಡಿ ಎಣ್ಣೆಗೆ ಬಿಡುತ್ತಿದ್ದಳು. ಉದ್ದಿನ ವಡೆಯೇ ಸರಿ. ಮೇಲೆ ಸುರಿಯುವುದು ಚಂಕಾಕಾದ ಪಾಕ. ಚಂಕಾಕಾ ಎಂದರೆ ಬೆಲ್ಲ! ಲವಂಗ, ಚಕ್ಕೆ ಬೆರೆತ ಆ ಪರಿಮಳಕ್ಕೆ ನಾನು ಪೆಸಿಫಿಕ್ ದಂಡೆಯಿಂದ ನೇರ ಆಲೆಮನೆಗೆ ಹೋಗಿ ನಿಂತಿದ್ದೆ.

ಮೂರನೆಯ ಸಂಜೆ ಅವಳು ನನ್ನನ್ನು ‘ಕಸೆರಿತೊ’ ಎಂದು ಕರೆದಳು. ಖಾಯಂ ಗಿರಾಕಿಯನ್ನು ಅಕ್ಕರೆಯಿಂದ ಕರೆಯುವ ಮಾತು. ಕೊನೆಯ ಸಂಜೆ ನನ್ನ ಕೈಯಲ್ಲಿ ಅದೇ ನೀಲಿ ಬಾಗಿಲಿನ ಹೊಸ ಚಿತ್ರವಿತ್ತು, ಎಂದಿನಂತೆ ಹಸಿಯಾಗಿ. ಅವಳು ಅದನ್ನು ಕಿತ್ತುಕೊಂಡವಳಂತೆ ತೆಗೆದುಕೊಂಡು ಒಲೆಯ ಕಾವಿಗೆ ಹಿಡಿದಳು, ಹಪ್ಪಳ ಸುಡುವವರ ಹಾಗೆ ತಿರುವಿ ತಿರುವಿ. ಕಾಗದ ಒಣಗಿತು. ಇನ್ನೊಂದು ಕೈಯ ಸೌಟಿನಿಂದ ಒಂದು ತೊಟ್ಟು ಪಾಕ ಬಾಗಿಲಿನ ಹೊಸ್ತಿಲ ಮೇಲೆ ಬಿತ್ತು. ಇಬ್ಬರೂ ಅದನ್ನು ನೋಡಿದೆವು. ಅವಳು ನಕ್ಕು, ಒಂದು ಪಿಕರೋನ್ ಹೆಚ್ಚಿಗೆ ಹಾಕಿದಳು.

ಆ ಚಿತ್ರಕ್ಕೆ ಊರಿಗೆ ಬಂದ ಮೇಲೆ ಕಟ್ಟು ಹಾಕಿಸಿದೆ. ಗಾಜಿನ ಸಂದಿನಿಂದ ಇರುವೆಗಳು ಹೊಸ್ತಿಲವರೆಗೂ ಹೋಗುತ್ತವೆ.